ಜಪಾನಿಗೆ ಹತ್ತು ದಿನ ಸಾಕಾ? ಎಲ್ಲರೂ ಕೇಳುವ ಪ್ರಶ್ನೆಗೆ ನನ್ನ ಉತ್ತರ

ನಾನು ಜಪಾನಿನಲ್ಲಿ ಕೆಲಸ ಮಾಡಿ ಬಂದವಳು ಅಂತ ಗೊತ್ತಾದ ಕೂಡಲೇ ಜನ ಕೇಳುವುದು ಒಂದೇ ಪ್ರಶ್ನೆ. "ಹತ್ತು ದಿನ ರಜೆ ಸಿಗುತ್ತೆ. ಟೋಕಿಯೊ, ಫುಜಿ, ಕ್ಯೋಟೊ, ಒಸಾಕಾ, ಹಿರೋಶಿಮಾ, ಸಾಧ್ಯವಾದರೆ ಹೊಕ್ಕೈಡೊ. ಆಗುತ್ತಾ?" ಕೆಲವರು ಎಕ್ಸೆಲ್ ಶೀಟನ್ನೂ ಕಳಿಸುತ್ತಾರೆ. ಅದರಲ್ಲಿ ಬೆಳಿಗ್ಗೆ ಏಳೂವರೆಯಿಂದ ರಾತ್ರಿ ಹತ್ತರವರೆಗೆ ಒಂದು ಖಾನೆಯೂ ಖಾಲಿ ಇರುವುದಿಲ್ಲ.

ಆಗುತ್ತೆ. ಅಲ್ಲಿನ ರೈಲುಗಳು ಅಷ್ಟು ಕರಾರುವಾಕ್ಕಾಗಿ ಓಡುತ್ತವೆ. ಆದರೆ ವಾಪಸ್ ಬಂದಮೇಲೆ ನಿಮಗೆ ನೆನಪಿರುವುದು ಸ್ಟೇಷನ್ನುಗಳೇ ಜಾಸ್ತಿ. ಹಾಗಾಗಿ ನಾನು ಹೇಳುವುದು ಇಷ್ಟು: ಏನೇನು ನೋಡಬೇಕು ಅನ್ನುವ ಪಟ್ಟಿಯನ್ನು ಸದ್ಯಕ್ಕೆ ಪಕ್ಕಕ್ಕಿಡಿ. ರಾತ್ರಿ ಯಾವ ಊರಲ್ಲಿ ಮಲಗುತ್ತೀರಿ ಅನ್ನುವುದನ್ನು ಮೊದಲು ತೀರ್ಮಾನ ಮಾಡಿ.

ಇದಕ್ಕೆ ಕಾರಣ ಇದೆ. ಜಪಾನಿನ ಹೆಸರಾಂತ ಜಾಗಗಳಲ್ಲಿ ಬೆಳಿಗ್ಗೆ ಹತ್ತರಿಂದ ಸಂಜೆ ನಾಲ್ಕರವರೆಗೆ ಕಾಲಿಡೋಕೆ ಜಾಗ ಇರುವುದಿಲ್ಲ. ಬಸ್ಸಿನಲ್ಲಿ ಬಂದವರು ಫೋಟೋ ತೆಗೆದುಕೊಂಡು ಸಂಜೆಗೆ ಹೊರಟುಹೋಗುತ್ತಾರೆ. ಎಷ್ಟೋ ದೇವಸ್ಥಾನಗಳು ಐದಕ್ಕೇ ಮುಚ್ಚುತ್ತವೆ. ಊರು ತನ್ನ ಪಾಡಿಗೆ ತಾನು ಇರುವುದು ಬೆಳಗಿನ ಜಾವ ಮತ್ತು ಸಂಜೆಯ ಮೇಲೆ. ಅದು ಸಿಗುವುದು ಅಲ್ಲೇ ಉಳಿದವರಿಗೆ ಮಾತ್ರ.

ಹತ್ತು ರಾತ್ರಿ ಇದ್ದರೆ ನನ್ನ ಲೆಕ್ಕ ಹೀಗೆ. ಟೋಕಿಯೊದಲ್ಲಿ ನಾಲ್ಕು, ಕಿಸೊ ಕಣಿವೆಯಲ್ಲಿ ಒಂದು, ಕ್ಯೋಟೊದಲ್ಲಿ ನಾಲ್ಕು, ಕೋಯಾ ಬೆಟ್ಟದ ಮೇಲೆ ಒಂದು. ಹಿರೋಶಿಮಾ ನೋಡಲೇಬೇಕು ಅನ್ನುವವರನ್ನು ನಾನು ತಡೆಯುವುದಿಲ್ಲ, ಆ ಊರಿಗೆ ಹೋಗೋಕೆ ಬೇರೆಯೇ ಕಾರಣ ಇರುತ್ತದೆ. ಟೋಕಿಯೊದಿಂದ ಎರಡು ರಾತ್ರಿ ಕಿತ್ತು ಅಲ್ಲಿಗೆ ಕೊಡಿ. ಒಂದು ರಾತ್ರಿಯಾದರೂ ಹತ್ತಿರದ ಮಿಯಾಜಿಮಾ ದ್ವೀಪದಲ್ಲೇ ಉಳಿಯಿರಿ. ಹೊಕ್ಕೈಡೊ ಮಾತ್ರ ಬೇಡ, ಅದು ಇನ್ನೊಂದು ಪ್ರವಾಸ.

ಟೋಕಿಯೊ ಬಗ್ಗೆ ನಾನು ಜಾಸ್ತಿ ಹೇಳುವುದಿಲ್ಲ. ಯಾರೂ ಹೇಳಿಕೊಡದಿದ್ದರೂ ನೋಡಬಹುದಾದ ಊರದು. ಬೆಂಗಳೂರಿನಿಂದ ಟೋಕಿಯೊದ ನರಿಟಾ ವಿಮಾನ ನಿಲ್ದಾಣಕ್ಕೆ ನೇರ ವಿಮಾನ ಇದೆ. ಗಡಿಯಾರ ಮೂರೂವರೆ ಗಂಟೆ ಮಾತ್ರ ಮುಂದಿರುವುದರಿಂದ ನಿದ್ದೆ ಅಷ್ಟೇನೂ ಕೆಡುವುದಿಲ್ಲ. ಉಳಿಯೋಕೆ ಶಿಂಜುಕುಗಿಂತ ಊಎನೊ ಅಥವಾ ಅಸಾಕುಸಾ ಕಡೆ ನೋಡಿ. ಅಸಾಕುಸಾದ ಸೆನ್ಸೊ-ಜಿ ದೇವಸ್ಥಾನದ ಅಂಗಳಕ್ಕೆ ರಾತ್ರಿಯೂ ಬಾಗಿಲು ಹಾಕುವುದಿಲ್ಲ. ಊಟ ಮುಗಿಸಿ ಸುಮ್ನೆ ಒಂದು ಸುತ್ತು ಹೋಗಿ ಬರಬಹುದು. ಊಎನೊ ಕೆರೆಯ ನಡುವೆ ಬೆಂಜೈತೆನ್ ಗುಡಿ ಇದೆ. ನಮ್ಮ ಸರಸ್ವತಿಯೇ ಚೀನಾ ದಾಟಿ ಅಲ್ಲಿಗೆ ಹೋಗಿ ನೆಲೆಸಿದ್ದಾಳೆ, ಕೈಯಲ್ಲಿ ವೀಣೆಯ ಬದಲು ಬಿವಾ ಹಿಡಿದು. ಬೇಸಿಗೆಯಲ್ಲಿ ಕೆರೆಯ ತುಂಬಾ ತಾವರೆ.

ಫುಜಿ ಬೆಟ್ಟದ ಬಗ್ಗೆ ಒಂದು ಎಚ್ಚರಿಕೆ. 3,776 ಮೀಟರಿನ ಬೆಟ್ಟವಾದರೂ ಅದು ಕಾಣಿಸಿಕೊಳ್ಳುವುದು ತನಗೆ ಇಷ್ಟ ಬಂದಾಗ. ಚಳಿಗಾಲದ ಬೆಳಗಿನಲ್ಲಿ ಚೆನ್ನಾಗಿ ಕಾಣುತ್ತದೆ. ಜೂನ್, ಜುಲೈನಲ್ಲಿ ಎಷ್ಟೋ ದಿನ ಮೋಡದ ಹಿಂದೆಯೇ ಇರುತ್ತದೆ. ಅದಕ್ಕಾಗಿಯೇ ಒಂದು ದಿನ ಮೀಸಲಿಟ್ಟು ಬೇಜಾರು ಮಾಡಿಕೊಳ್ಳಬೇಡಿ. ಕ್ಯೋಟೊ ಕಡೆಗೆ ಹೋಗುವಾಗ ಶಿಂಕಾನ್ಸೆನ್ ಬುಲೆಟ್ ರೈಲಿನಲ್ಲಿ ಬಲಗಡೆಯ ಕಿಟಕಿ, ಅಂದರೆ 'ಇ' ಸೀಟು ಹಿಡಿಯಿರಿ. ಹೊರಟು ಮುಕ್ಕಾಲು ಗಂಟೆಯಾದಾಗ ಹೊರಗೆ ನೋಡಿ. ಕಂಡರೆ ಲಾಭ.

ರೈಲಿನ ಮಾತು ಬಂದಿದ್ದಕ್ಕೆ ಹೇಳುತ್ತೇನೆ. "ಜೆಆರ್ ಪಾಸ್ ತಗೊಳ್ಳಲೇಬೇಕು" ಅನ್ನುವ ಸಲಹೆ ಈಗ ಹಳೆಯದಾಯಿತು. ಜೆಆರ್ ಕಂಪನಿಗಳ ರೈಲುಗಳಲ್ಲಿ ಎಷ್ಟು ಸಲ ಬೇಕಾದರೂ ಓಡಾಡೋಕೆ ಪ್ರವಾಸಿಗರಿಗೆ ಕೊಡುವ ಪಾಸ್ ಅದು. ಏಳು ದಿನದ ಪಾಸ್ 29,650 ಯೆನ್ ಇದ್ದಾಗ ಅದು ಸರಿಯಾದ ಮಾತೇ. 2023ರ ಅಕ್ಟೋಬರ್‌ನಲ್ಲಿ ಅದನ್ನು ಒಂದೇ ಏಟಿಗೆ 50,000 ಯೆನ್ ಮಾಡಿದರು. ಟೋಕಿಯೊದಿಂದ ಕ್ಯೋಟೊಗೆ ಹೋಗೋಕೆ ಸುಮಾರು 14,000 ಯೆನ್. ಹೋಗಿ ಬಂದರೂ ಪಾಸಿನ ದುಡ್ಡು ಹುಟ್ಟುವುದಿಲ್ಲ. ನನ್ನ ಲೆಕ್ಕದ ಪ್ರವಾಸಕ್ಕೆ ಬಿಡಿ ಟಿಕೆಟ್ಟೇ ಅಗ್ಗ. ಊರೊಳಗಿನ ಓಡಾಟಕ್ಕೆ ಮೊದಲೇ ದುಡ್ಡು ತುಂಬಿಸಿಕೊಳ್ಳುವ ಸುಯಿಕಾ ಕಾರ್ಡ್ ಇದ್ದರೆ ಆಯಿತು.

ಇನ್ನು ಕಿಸೊ ಕಣಿವೆ. "ಅದ್ಯಾವ ಊರು? ಕೇಳೇ ಇಲ್ವಲ್ಲ" ಅನ್ನುತ್ತಾರೆ. ಆಗಿನ ಎದೊ, ಅಂದರೆ ಈಗಿನ ಟೋಕಿಯೊದಿಂದ ಕ್ಯೋಟೊಗೆ ಬೆಟ್ಟಗಳ ನಡುವೆ ಹೋಗುತ್ತಿದ್ದ ಹಳೆಯ ಹೆದ್ದಾರಿ ನಕಾಸೆಂಡೊ. ಅದರಲ್ಲಿ 69 ತಂಗುದಾಣಗಳಿದ್ದವು. ಅವುಗಳಲ್ಲಿ ಮಾಗೊಮೆ ಮತ್ತು ತ್ಸುಮಾಗೊ ಅನ್ನುವ ಎರಡು ಊರುಗಳ ನಡುವಿನ ಸುಮಾರು ಎಂಟು ಕಿಲೋಮೀಟರ್ ದಾರಿಯನ್ನು ಇವತ್ತೂ ನಡೆಯಬಹುದು. ಟೋಕಿಯೊದಿಂದ ನಗೋಯಾ, ಅಲ್ಲಿಂದ ನಕಾತ್ಸುಗಾವಾವರೆಗೆ ಇನ್ನೊಂದು ರೈಲು, ಆಮೇಲೆ ಮಾಗೊಮೆಗೆ ಬಸ್ಸು. ಮಾಗೊಮೆಯಿಂದಲೇ ಶುರು ಮಾಡಿ. ಆ ಕಡೆಯಿಂದ ಏರು ಕಮ್ಮಿ. ಮೂರು ಗಂಟೆಯಲ್ಲಿ ಆರಾಮಾಗಿ ತಲುಪಬಹುದು. ಸೀಡರ್ ಕಾಡು, ಅಲ್ಲಲ್ಲಿ ಕಲ್ಲು ಹಾಸಿದ ದಾರಿ, ಮಧ್ಯೆ ಒಂದು ಚಹಾ ಮನೆ. ದಾರಿಯುದ್ದಕ್ಕೂ ಕಂಬಕ್ಕೆ ಗಂಟೆ ಕಟ್ಟಿದ್ದಾರೆ. ಕರಡಿ ದೂರ ಹೋಗಲಿ ಅಂತ ಬಾರಿಸಬೇಕು. ಮಕ್ಕಳಿಗೆ ಇದರಷ್ಟು ಇಷ್ಟವಾಗುವ ಕೆಲಸ ಇನ್ನೊಂದಿಲ್ಲ.

ರಾತ್ರಿ ತ್ಸುಮಾಗೊದಲ್ಲಿ ಉಳಿಯಿರಿ. ಈ ಊರಿನವರು 1971ರಲ್ಲಿ ಸೇರಿಕೊಂಡು ಒಂದು ಕಟ್ಟುಪಾಡು ಮಾಡಿಕೊಂಡರು. ಮನೆ ಮಾರುವುದಿಲ್ಲ, ಬಾಡಿಗೆಗೆ ಕೊಡುವುದಿಲ್ಲ, ಕೆಡವುವುದಿಲ್ಲ. ರೈಲು ಬೇರೆ ದಾರಿ ಹಿಡಿದ ಮೇಲೆ ಬಡವಾಗಿದ್ದ ಊರು ಅದು. ಬೇರೆ ಕಡೆ ಹಳೆಯ ಮನೆ ಕೆಡವಿ ಕಾಂಕ್ರೀಟ್ ಕಟ್ಟುತ್ತಿದ್ದ ಕಾಲದಲ್ಲಿ ಇವರು ಹೀಗೆ ಹಟ ಹಿಡಿದರು. ಮುಖ್ಯ ಬೀದಿಯಲ್ಲಿ ಹಗಲು ಕಾರು ಬಿಡುವುದಿಲ್ಲ, ಕರೆಂಟು ತಂತಿ ಕಣ್ಣಿಗೆ ಬೀಳುವುದಿಲ್ಲ. ಮಧ್ಯಾಹ್ನ ನೋಡಿದರೆ ಸಿನಿಮಾ ಸೆಟ್ ಅನಿಸಬಹುದು. ಕೊನೆಯ ಬಸ್ಸು ಹೋದಮೇಲೆ ಮನೆಯವರು ಬಾಗಿಲ ಮುಂದೆ ನಿಂತು ಪಕ್ಕದ ಮನೆಯವರ ಜೊತೆ ಮಾತಾಡುತ್ತಾರೆ. ಆಗ ಸೆಟ್ ಅಲ್ಲ, ಜನ ಬಾಳುವ ಊರು ಅಂತ ಗೊತ್ತಾಗುತ್ತದೆ.

ದೊಡ್ಡ ಸೂಟ್‌ಕೇಸ್ ಎಳೆದುಕೊಂಡು ಬೆಟ್ಟ ಹತ್ತೋದು ಹೇಗೆ ಅಂತ ಯೋಚನೆ ಬಂತಾ? ಎಳೆಯಬೇಕಿಲ್ಲ. ಟೋಕಿಯೊ ಹೋಟೆಲಿನ ಕೌಂಟರಿನಲ್ಲಿ ಕೊಟ್ಟರೆ ಅದು ಸಾಮಾನ್ಯವಾಗಿ ಮಾರನೇ ದಿನವೇ ಕ್ಯೋಟೊ ಹೋಟೆಲಿಗೆ ಬಂದಿರುತ್ತದೆ. ಟಕ್ಕ್ಯುಬಿನ್ ಅನ್ನುತ್ತಾರೆ. ಮರಿಯನ್ನು ಬಾಯಲ್ಲಿ ಕಚ್ಚಿಕೊಂಡ ಕಪ್ಪು ಬೆಕ್ಕಿನ ಗುರುತಿನ ಲಾರಿಗಳು ಊರ ತುಂಬಾ ಕಾಣುತ್ತವೆ, ಅವರದೇ ಕೆಲಸ. ಬೆನ್ನಿಗೆ ಒಂದು ಚೀಲ ಸಾಕು.

ಕ್ಯೋಟೊದಲ್ಲಿ ನಾಲ್ಕು ರಾತ್ರಿ ಜಾಸ್ತಿ ಆಗಲಿಲ್ವಾ ಅಂತ ಕೇಳುತ್ತಾರೆ. ಇಲ್ಲ. 794ರಿಂದ ಸಾವಿರಕ್ಕೂ ಹೆಚ್ಚು ವರ್ಷ ಅರಸರ ಊರಾಗಿದ್ದ ಜಾಗ ಅದು. ಒಸಾಕಾದಲ್ಲಿ ರೂಮು ಅಗ್ಗ, ಅರ್ಧ ಗಂಟೆ ರೈಲು ಅಷ್ಟೇ ಅಂತ ಎಷ್ಟೋ ಜನ ಅಲ್ಲಿ ಉಳಿದು ಇಲ್ಲಿಗೆ ಬರುತ್ತಾರೆ. ಹಾಗೆ ಬರುವವರು ಎಲ್ಲರೂ ಬರುವ ಹೊತ್ತಿಗೇ ಬರುತ್ತಾರೆ. ಕಿಯೊಮಿಜು-ದೆರಾ ದೇವಸ್ಥಾನ ಬೆಳಿಗ್ಗೆ ಆರಕ್ಕೆ ತೆರೆಯುತ್ತದೆ. ಕೆಂಪು ಕಮಾನುಗಳ ಫುಶಿಮಿ ಇನಾರಿ ಗುಡ್ಡಕ್ಕೆ ಬಾಗಿಲೇ ಇಲ್ಲ, ದಿನದ ಯಾವ ಹೊತ್ತಿಗೂ ಹೋಗಬಹುದು. ಈ ಎರಡನ್ನೂ ಬೇರೆ ಬೇರೆ ದಿನ ಬೆಳಗ್ಗೆ ಬೇಗ ಮುಗಿಸಿ, ತಿಂಡಿಗೆ ರೂಮಿಗೆ ಬನ್ನಿ. ಮಧ್ಯಾಹ್ನದ ಗಲಾಟೆಯಲ್ಲಿ ಕಮೊ ನದಿಯ ದಂಡೆಯಲ್ಲಿ ಕೂತಿರಿ. ಸಿಟಿ ಬಸ್ಸು ಹತ್ತಲೇಬೇಡಿ, ಕಾಲಿಡೋಕೆ ಆಗಲ್ಲ. ಸಬ್‌ವೇ ಮತ್ತು ಕೇಹಾನ್ ರೈಲು ಬಳಸಿ.

ನಮ್ಮವರು ಬಿಡಬಾರದ ಜಾಗ ಸಂಜೂಸಾನ್ಗೆನ್-ದೊ. ಕಿಂಕಾಕು-ಜಿಯ ಚಿನ್ನದ ಮಂಟಪಕ್ಕೆ ಓಡುವ ಗಡಿಬಿಡಿಯಲ್ಲಿ ಇದನ್ನು ಎಷ್ಟೋ ಜನ ಬಿಟ್ಟುಬಿಡುತ್ತಾರೆ. 1266ರಲ್ಲಿ ಮತ್ತೆ ಕಟ್ಟಿದ, ಸುಮಾರು 120 ಮೀಟರ್ ಉದ್ದದ ಮರದ ಮನೆ. ಒಳಗೆ ಕನ್ನೊನ್ ದೇವಿಯ 1,001 ಮೂರ್ತಿಗಳು. ಅವರ ಮುಂದೆ ಕಾವಲಿಗೆ ನಿಂತ 28 ದೇವತೆಗಳನ್ನು ನಿಧಾನವಾಗಿ ನೋಡಿ. ಬ್ರಹ್ಮ, ಇಂದ್ರ, ಕೊಳಲೂದುತ್ತಿರುವ ಗರುಡ, ಎಲ್ಲರೂ ಇದ್ದಾರೆ, ಜಪಾನಿ ಹೆಸರಿನಲ್ಲಿ. ಒಂದು ಹಗಲು ಹತ್ತಿರದ ನಾರಾ ಊರಿಗೆ ಹೋಗಿಬನ್ನಿ. ಅಲ್ಲಿನ ತೋದಾಯ್-ಜಿಯ ದೊಡ್ಡ ಬುದ್ಧನಿಗೆ 752ರಲ್ಲಿ ಕುಂಚ ಹಿಡಿದು ಕಣ್ಣು ತೆರೆಸಿದವನು ಬೋಧಿಸೇನ, ಭಾರತದಿಂದ ಹೋಗಿದ್ದ ಭಿಕ್ಷು. ಜಿಂಕೆಗಳ ಜೊತೆ ಸೆಲ್ಫಿ ತೆಗೆಯುವವರಲ್ಲಿ ಇದು ಎಷ್ಟು ಜನಕ್ಕೆ ಗೊತ್ತೋ!

ಪ್ರಶ್ನೆ ಕೇಳುವವರಲ್ಲಿ ಅರ್ಧ ಜನಕ್ಕೆ ನಿಜವಾಗಿ ಬೇಕಿರುವುದು ಬೇರೆ ಉತ್ತರ. "ನಾವು ಸಸ್ಯಾಹಾರಿಗಳು, ಊಟಕ್ಕೇನು ಮಾಡೋದು?" ಕಷ್ಟ ಇದೆ, ಸುಳ್ಳು ಹೇಳಲ್ಲ. ಮಾಂಸ ಕಾಣದಿದ್ದರೂ ಸಾರಿನಲ್ಲಿ ಒಣಮೀನು ಕುದಿಸಿದ ದಾಶಿ ಇರುತ್ತದೆ. "ಮೀನು ಬೇಡ" ಅಂದರೆ ಮೀನಿನ ತುಂಡು ತೆಗೆದು ಅದೇ ಸಾರು ಕೊಡುತ್ತಾರೆ, ಅವರ ಪ್ರಕಾರ ಅದು ಸರಿಯೇ. ಟೋಕಿಯೊದಲ್ಲಿ ತೊಂದರೆ ಕಮ್ಮಿ. ಟೋಕಿಯೊ ಸ್ಟೇಷನ್ನಿನೊಳಗೆ ಪೂರ್ತಿ ಸಸ್ಯಾಹಾರಿ ರಾಮೆನ್ ನೂಡಲ್ಸ್ ಅಂಗಡಿಯೇ ಇದೆ, ಹೆಸರು ಟೀಸ್ ತಾನ್‌ತಾನ್. ನಿಶಿ-ಕಸಾಯ್ ಕಡೆ ಹೋದರೆ ಭಾರತೀಯ ಕುಟುಂಬಗಳೇ ತುಂಬಿವೆ, ಊಟವೂ ಸಿಗುತ್ತದೆ. ತ್ಸುಮಾಗೊದಂಥ ಚಿಕ್ಕ ಊರಲ್ಲಿ ರಾತ್ರಿ ಊಟಕ್ಕೆ ಹೊಳೆಯ ಮೀನು ಇಡುವುದು ವಾಡಿಕೆ. ಬುಕ್ ಮಾಡುವಾಗಲೇ ಹೇಳಿ, ಬಾಗಿಲಲ್ಲಿ ನಿಂತು ಹೇಳಿದರೆ ಅವರಿಗೂ ಸಂಕಟ.

ಆದರೆ ಇದೇ ದೇಶದಲ್ಲಿ ಸಸ್ಯಾಹಾರಿಗಳೇ ರಾಜರಾಗುವ ಒಂದು ಊರಿದೆ. ಅದೇ ಕೋಯಾ. ಒಸಾಕಾದ ನಂಬಾದಿಂದ ರೈಲು, ಆಮೇಲೆ ಕಡಿದಾದ ಬೆಟ್ಟ ಏರುವ ಕೇಬಲ್ ಕಾರು, ಅಲ್ಲಿಂದ ಬಸ್ಸು. ಸುಮಾರು 800 ಮೀಟರ್ ಎತ್ತರದಲ್ಲಿ, ಕಾಡಿನ ನಡುವೆ ನೂರಕ್ಕೂ ಹೆಚ್ಚು ದೇವಸ್ಥಾನಗಳ ಊರು. ಕೂಕಾಯ್ ಎಂಬ ಸನ್ಯಾಸಿ 816ರಲ್ಲಿ ಶುರು ಮಾಡಿದ್ದು. ಸುಮಾರು ಐವತ್ತು ದೇವಸ್ಥಾನಗಳಲ್ಲಿ ಪ್ರವಾಸಿಗರಿಗೆ ಉಳಿಯಲು ಕೋಣೆ ಕೊಡುತ್ತಾರೆ. ಎರಡು ಹೊತ್ತಿನ ಊಟ ಸೇರಿ ಒಬ್ಬರಿಗೆ 15,000 ಯೆನ್ ಆಸುಪಾಸಿನಿಂದ ಮೇಲೆ. ಈಚಿನ ವರ್ಷಗಳಲ್ಲಿ ನೂರು ಯೆನ್‌ಗೆ ಐವತ್ತೈದರಿಂದ ಅರವತ್ತು ರೂಪಾಯಿ ಅಂತ ಹಿಡಿದರೆ ಲೆಕ್ಕ ಸಿಗುತ್ತದೆ. ಬೆಲೆ ಕೋಣೆಗಲ್ಲ, ತಲೆಗೆ. ಇದನ್ನು ಗಮನಿಸಿ.

ಊಟ ಶೋಜಿನ್ ರ್ಯೋರಿ. ಮೀನು ಮಾಂಸ ಇಲ್ಲ, ಈರುಳ್ಳಿ ಬೆಳ್ಳುಳ್ಳಿಯೂ ಇಲ್ಲ. ನಮ್ಮ ಮಠದ ಊಟದ ಹಾಗೆಯೇ, ಖಾರ ಒಂದು ಬಿಟ್ಟು. ಸಾರಿಗೆ ಸಮುದ್ರದ ಪಾಚಿ, ಅಣಬೆ ಹಾಕುತ್ತಾರೆ. ಎಳ್ಳಿನಿಂದ ಮಾಡಿದ ಗೋಮಾ-ದೋಫು ಬಾಯಲ್ಲಿ ಕರಗುತ್ತದೆ. ಸಂಜೆ ಐದೂವರೆ, ಆರಕ್ಕೇ ಬಡಿಸಿಬಿಡುತ್ತಾರೆ. ತಡವಾಗಿ ಹೋದರೆ ಕಾಯುವುದಿಲ್ಲ. ಬೆಳಿಗ್ಗೆ ಆರು, ಆರೂವರೆಗೆ ಪೂಜೆ, ಅದಕ್ಕೂ ಕೂರಬಹುದು. ಕೆಲವು ದೇವಸ್ಥಾನಗಳಲ್ಲಿ ಬೆಂಕಿ ಹಾಕಿ ಮಂತ್ರ ಹೇಳುತ್ತಾ ಕಟ್ಟಿಗೆ ಅರ್ಪಿಸುತ್ತಾರೆ. ನಮ್ಮವರಿಗೆ ಯಾರೂ ವಿವರಿಸಬೇಕಿಲ್ಲ, ಹೋಮವೇ ಅದು. ಬೌದ್ಧ ತಂತ್ರದ ಜೊತೆ ಚೀನಾಕ್ಕೆ ಹೋಗಿ, ಅಲ್ಲಿಂದ ಕೂಕಾಯ್ ಕೈಯಲ್ಲಿ ಇಲ್ಲಿಗೆ ಬಂತು.

ರಾತ್ರಿ ಒಕುನೊಯಿನ್ ಸ್ಮಶಾನಕ್ಕೆ ನಡೆದುಕೊಂಡು ಹೋಗಿ. ಹೆದರಬೇಡಿ, ದೀಪಗಳಿವೆ, ಜನ ಓಡಾಡುತ್ತಾರೆ. ದೊಡ್ಡ ಸೀಡರ್ ಮರಗಳ ನಡುವೆ ಎರಡು ಕಿಲೋಮೀಟರ್ ದಾರಿ, ಎರಡು ಲಕ್ಷಕ್ಕೂ ಹೆಚ್ಚು ಸಮಾಧಿ, ಸ್ಮಾರಕಗಳು. ಕೊನೆಯಲ್ಲಿ ಕೂಕಾಯ್ ಇರುವ ಜಾಗ. 835ರಿಂದ ಆತ ಒಳಗೆ ಧ್ಯಾನದಲ್ಲಿ ಕೂತಿದ್ದಾನೆ ಅನ್ನುವುದು ನಂಬಿಕೆ. ಈಗಲೂ ದಿನಕ್ಕೆ ಎರಡು ಸಲ ಅವನಿಗೆ ಊಟ ತೆಗೆದುಕೊಂಡು ಹೋಗುತ್ತಾರೆ. ಹಗಲಲ್ಲಿ ಇನ್ನೊಂದು ದಾರಿಯಿಂದ ಬಂದರೆ ಕಂಪನಿಗಳು ತಮ್ಮ ನೌಕರರಿಗೆ ಕಟ್ಟಿಸಿದ ಸ್ಮಾರಕಗಳು ಕಾಣುತ್ತವೆ. ಒಂದು ರಾಕೆಟ್ ಆಕಾರದಲ್ಲಿದೆ. ಗೆದ್ದಲು ಕೊಲ್ಲುವ ಕಸುಬಿನವರ ಸಂಘ ತಾವು ಕೊಂದ ಗೆದ್ದಲುಗಳಿಗೂ ಒಂದು ಸ್ಮಾರಕ ಕಟ್ಟಿಸಿದೆ. ಜಪಾನಿನ ಮನಸ್ಸು ಅರ್ಥವಾಗಬೇಕು ಅನ್ನುವವರಿಗೆ ನಾನು ಮೊದಲು ಹೇಳುವ ಜಾಗ ಇದು.

ಯಾವಾಗ ಹೋಗಬೇಕು? ಎಲ್ಲರ ಬಾಯಲ್ಲೂ ಸಕುರಾ, ಅಂದರೆ ಚೆರ್ರಿ ಹೂವು ಅರಳುವ ಮಾರ್ಚ್ ಕೊನೆ, ಏಪ್ರಿಲ್ ಮೊದಲ ವಾರ. ಚೆಂದವೇ, ಆದರೆ ಬಾಡಿಗೆ ಮುಗಿಲು ಮುಟ್ಟಿರುತ್ತದೆ, ಹೂವು ಯಾರ ಕ್ಯಾಲೆಂಡರಿಗೂ ಕಾಯುವುದಿಲ್ಲ. ಮಕ್ಕಳ ಬೇಸಿಗೆ ರಜೆಗೆ ಹೋಗುವವರು ಏಪ್ರಿಲ್ 29ರಿಂದ ಮೇ 5ರವರೆಗಿನ ಗೋಲ್ಡನ್ ವೀಕ್ ರಜೆಗಳನ್ನು ತಪ್ಪಿಸಿ. ಆ ವಾರ ಜಪಾನ್ ದೇಶಕ್ಕೆ ದೇಶವೇ ರೈಲಿನಲ್ಲಿರುತ್ತದೆ. ಮೇ ಹತ್ತರ ಮೇಲೆ ಹಿತವಾಗಿರುತ್ತದೆ. ಜೂನ್‌ನಲ್ಲಿ ಮಳೆ, ಆಗಸ್ಟ್‌ನಲ್ಲಿ ಬೇಯಿಸುವ ಸೆಕೆ, ಸೆಪ್ಟೆಂಬರ್‌ನಲ್ಲಿ ಚಂಡಮಾರುತ. ದಸರಾ ರಜೆ ಅಕ್ಟೋಬರ್‌ಗೆ ಬಿದ್ದರೆ ಪರವಾಗಿಲ್ಲ. ನನ್ನನ್ನು ಕೇಳಿದರೆ ನವೆಂಬರ್ ಕೊನೆ, ಡಿಸೆಂಬರ್ ಮೊದಲ ವಾರ. ಕ್ಯೋಟೊದಲ್ಲಿ ಮೇಪಲ್ ಎಲೆ ಕೆಂಪಾಗಿರುತ್ತದೆ. ಕೋಯಾದಲ್ಲಿ ಆಗ ಎಲೆ ಉದುರಿ ಮುಗಿದಿರುತ್ತದೆ, ಚಳಿ ಜೋರು, ಸ್ವೆಟರ್ ಒಯ್ಯಿರಿ.

"ಅಪ್ಪ ಅಮ್ಮನನ್ನ ಕರ್ಕೊಂಡು ಹೋಗಬಹುದಾ?" ಧಾರಾಳವಾಗಿ. ಮಾಗೊಮೆಯಿಂದ ತ್ಸುಮಾಗೊಗೆ ಬಸ್ಸೂ ಇದೆ, ನಡೆಯಲೇಬೇಕಿಲ್ಲ. ಸ್ಟೇಷನ್ನುಗಳಲ್ಲಿ ಲಿಫ್ಟ್ ಇರುತ್ತದೆ, ಆದರೆ ಯಾವುದೋ ಒಂದೇ ಬಾಗಿಲ ಹತ್ತಿರ. ಯಾವ ಬಾಗಿಲು ಅಂತ ಮೊದಲೇ ನೋಡಿಕೊಳ್ಳಿ. ಕೋಯಾದಲ್ಲಿ ತಾತಾಮಿ ಚಾಪೆಯ ಮೇಲೆ ಹಾಸಿಗೆ ಹಾಸುತ್ತಾರೆ, ಊಟಕ್ಕೂ ನೆಲದಲ್ಲೇ ಕೂರಬೇಕು. ಮಂಡಿ ನೋವಿದ್ದರೆ ಕುರ್ಚಿ ಬೇಕು ಅಂತ ಬುಕ್ ಮಾಡುವಾಗ ಬರೆಯಿರಿ, ಬಹಳ ಕಡೆ ಕೊಡುತ್ತಾರೆ. ವಾಪಸ್ ಬರೋಕೆ ಕೋಯಾದಿಂದ ನರಿಟಾವರೆಗೆ ಎಳೆದಾಡಿಸಬೇಡಿ. ಒಸಾಕಾ ಹತ್ತಿರದ ಕನ್ಸಾಯ್ ವಿಮಾನ ನಿಲ್ದಾಣದಿಂದ ಸಿಂಗಪುರ ಅಥವಾ ಬ್ಯಾಂಕಾಕ್ ಮೇಲೆ ಬೆಂಗಳೂರಿಗೆ ಟಿಕೆಟ್ ನೋಡಿ. ಶಿಂಕಾನ್ಸೆನ್ ದುಡ್ಡೂ ಉಳಿಯುತ್ತದೆ, ಅರ್ಧ ದಿನವೂ ಉಳಿಯುತ್ತದೆ.