ಕೊಕನಿಗೆ ಹಾಕಿದ ಗಾಳ, ಬಂದದ್ದು ಬುಲ್ ಟ್ರೌಟ್

ಜುಲೈ ತಿಂಗಳ ಒಂದು ಶನಿವಾರ, ಅಮೆರಿಕದ ಒರೆಗಾನ್‌ನ ಓಡೆಲ್ ಸರೋವರದಲ್ಲಿ ನಮ್ಮ ಗಾಳಕ್ಕೆ ನಾಲ್ಕು ಜಾತಿಯ ಮೀನು ಬಿದ್ದವು. ನಾವು ಹೋಗಿದ್ದು ಒಂದೇ ಜಾತಿಗೆ, ಕೊಕನಿಗೆ. ಉಳಿದವು ತಾವಾಗಿ ಬಂದವು. ಅವುಗಳಲ್ಲಿ ಒಂದರ ಬಗ್ಗೆ ಹೇಳಲೇಬೇಕು ಅನ್ನಿಸಿ ಇದನ್ನು ಬರೆಯುತ್ತಿದ್ದೇನೆ.

ಕೊಕನಿ ಅಂದರೆ ಸಮುದ್ರದ ಮುಖ ನೋಡದೆ ಸಿಹಿನೀರಿನಲ್ಲೇ ಬಾಳಿ ಮುಗಿಸುವ ಸಾಕ್‌ಐ ಸಾಲ್ಮನ್. ಒಂದು ಅಡಿ ಆಸುಪಾಸಿನ ಮೀನು. ನೀಲಿ ಬೆನ್ನು, ಬೆಳ್ಳಿ ಮೈ. ತಿನ್ನುವುದು ನೀರಿನಲ್ಲಿ ತೇಲುವ ಸಣ್ಣ ಸಣ್ಣ ಜೀವಿಗಳನ್ನು, ಹೆಚ್ಚಿನವು ನಮ್ಮ ಕಣ್ಣಿಗೇ ಸರಿಯಾಗಿ ಕಾಣುವುದಿಲ್ಲ. ಹಾಗಿದ್ದರೂ ಗಾಳಕ್ಕೆ ಯಾಕೆ ಬಾಯಿ ಹಾಕುತ್ತದೆ ಅಂತ ಕೇಳಿದರೆ, ಸಿಟ್ಟಿಗೆ ಅಂತಲೇ ಹಿಡಿಯುವವರೆಲ್ಲ ಹೇಳುವುದು. ಅದಕ್ಕೇ ಅದನ್ನು ಕೆಣಕಬೇಕು. ಬೋಟನ್ನು ಗಂಟೆಗೆ 2 ಕಿಲೋಮೀಟರ್ ಹತ್ತಿರದ ವೇಗದಲ್ಲಿ ನಿಧಾನಕ್ಕೆ ಓಡಿಸುತ್ತಾ ಹಿಂದೆ ಗಾಳ ಎಳೆದುಕೊಂಡು ಹೋಗುವುದೇ ಟ್ರೋಲಿಂಗ್. ಲೈನಿಗೆ ಡಾಡ್ಜರ್ ಅನ್ನುವ ಹೊಳೆಯುವ ತಗಡು ಕಟ್ಟಿರುತ್ತೇವೆ, ಅದು ಅತ್ತಿತ್ತ ಓಲಾಡುತ್ತದೆ. ಅದರ ಹಿಂದೆ ಗೇಣುದ್ದದ ದಾರ, ಹೂಚಿ ಅನ್ನುವ ಗುಲಾಬಿ ಬಣ್ಣದ ಪ್ಲಾಸ್ಟಿಕ್ ಕುಚ್ಚು, ಕೊಕ್ಕೆಯ ತುದಿಗೆ ಡಬ್ಬಿಯ ಬಿಳಿ ಮೆಕ್ಕೆಜೋಳದ ಒಂದು ಕಾಳು. ಬೇಸಿಗೆಯಲ್ಲಿ ಮೇಲಿನ ನೀರು ಬೆಚ್ಚಗಾದರೆ ಕೊಕನಿ 10ರಿಂದ 12 ಡಿಗ್ರಿ ಸೆಲ್ಸಿಯಸ್ ಇರುವ ತಣ್ಣನೆಯ ಪದರಕ್ಕೆ ಇಳಿದುಬಿಡುತ್ತದೆ. ಅಲ್ಲಿಗೆ ಗಾಳ ಮುಟ್ಟಿಸಲು ಡೌನ್‌ರಿಗ್ಗರ್ ಬೇಕು. ತಂತಿಯಲ್ಲಿ ಒಂದು ಸೀಸದ ಗುಂಡು ಕಟ್ಟಿ, ಅದರ ಕ್ಲಿಪ್ಪಿಗೆ ಲೈನ್ ಸಿಕ್ಕಿಸಿ, ಬೇಕಾದಷ್ಟು ಆಳಕ್ಕೆ ಬಿಡುವುದು. ಮೀನು ಎಳೆದರೆ ಕ್ಲಿಪ್ ಬಿಡುತ್ತದೆ, ಬಾಗಿ ನಿಂತಿದ್ದ ರಾಡ್ ಸಟ್ಟನೆ ನೆಟ್ಟಗಾಗುತ್ತದೆ. ಆ ಒಂದು ಕ್ಷಣಕ್ಕಾಗಿಯೇ ನಾನು ರಾತ್ರಿ 2 ಗಂಟೆಗೆ ಎದ್ದು ಬೀವರ್ಟನ್‌ನಿಂದ ಹೊರಡುವುದು.

ಬೋಟು ಭಾವನದು, ಅಂದರೆ ಅಕ್ಕನ ಗಂಡನದು. ಅವರು ಕನಕಪುರದ ಕಡೆಯವರು, ಸಂಗಮದಲ್ಲಿ ಕಾವೇರಿ ನೋಡುತ್ತಾ ಬೆಳೆದವರು.

ಓಡೆಲ್ ಇರುವುದು ಕ್ಯಾಸ್ಕೇಡ್ ಬೆಟ್ಟಗಳ ನಡುವೆ, 58ನೇ ಹೆದ್ದಾರಿಯ ಪಕ್ಕದಲ್ಲಿ. ಎತ್ತರ 4,788 ಅಡಿ, ನೀರಿನ ಆಳ 282 ಅಡಿವರೆಗೆ ಹೋಗುತ್ತದೆ. ಮಧ್ಯಾಹ್ನ ಆಗುತ್ತಿದ್ದಂತೆ ವಿಲಾಮೆಟ್ ಪಾಸ್ ಕಡೆಯಿಂದ ಗಾಳಿ ಬೀಸಿ ಅಲೆ ಎದ್ದುಬಿಡುತ್ತದೆ. ಹಾಗಾಗಿ ಬೆಳಗಿನ ಹೊತ್ತೇ ಹೊತ್ತು.

ಶುರುವಿನಲ್ಲಿ ಎಲ್ಲಾ ಲೆಕ್ಕದ ಪ್ರಕಾರವೇ ನಡೆಯಿತು. ಕೊಕನಿ ಬಂದವು, ನೀರಿನ ಮೇಲೆ ಹುಚ್ಚೆದ್ದು ಕುಣಿದವು, ಬಾಯಿ ಮೆತ್ತಗಿರುವುದರಿಂದ ಕೆಲವು ಹರಿದುಕೊಂಡು ಹೋದವು. ನಡುವೆ ಒಂದು ಮೌಂಟನ್ ವೈಟ್‌ಫಿಶ್ ಬಂತು. ಪುಟ್ಟ ಬಾಯಿ, ದೊಡ್ಡ ಹುರುಪೆ. ಆ ಬಾಯಿಗೆ ನಮ್ಮ ಹೂಚಿ ಹೇಗೆ ಹಿಡಿಸಿತೋ! ಇದನ್ನು ಬೇಡದ ಮೀನು ಅಂತ ದಡಕ್ಕೆ ಎಸೆಯುವವರನ್ನು ಬೇರೆ ಕಡೆ ನೋಡಿದ್ದೇನೆ, ನನಗದು ಸಹಿಸುವುದಿಲ್ಲ. ಅದು ಈ ನೀರಿನದೇ ಮೀನು. ಬಿಟ್ಟೆವು.

ಆಮೇಲೆ ಚಿಕ್ಕ ಕೊಕನಿಯೊಂದನ್ನು ಎಳೆಯುತ್ತಿದ್ದೆ. ಅರ್ಧ ದಾರಿಯಲ್ಲಿ ಲೈನ್ ಕಲ್ಲಿಗೆ ಸಿಕ್ಕಿದ ಹಾಗೆ ನಿಂತಿತು. ಭಾವ ಫಿಶ್ ಫೈಂಡರ್ ನೋಡಿ, "ಏನೋ ದೊಡ್ಡದು ಅದನ್ನ ಹಿಡ್ಕೊಂಡಿದೆ ಕಣೋ, ಡ್ರ್ಯಾಗ್ ಸಡಿಲ ಮಾಡು" ಅಂದರು, ಅಂದರೆ ರೀಲಿನ ಬಿಗಿ ಕಡಿಮೆ ಮಾಡು ಅಂತ. ತೆಳು ಲೈನು, ಮೆತ್ತನೆಯ ರಾಡು, ಕಾಯುವುದು ಬಿಟ್ಟು ಬೇರೆ ದಾರಿ ಇರಲಿಲ್ಲ. ಕೊನೆಗೆ ಬಂದದ್ದು ಕೊಕನಿಯನ್ನು ಅಡ್ಡಡ್ಡ ಕಚ್ಚಿಕೊಂಡಿದ್ದ ಲೇಕ್ ಟ್ರೌಟ್, ಕೊಕ್ಕೆ ಅದರ ದವಡೆಯ ಮೂಲೆಗೆ ಸಿಕ್ಕಿಕೊಂಡಿತ್ತು. ಆಳವಾಗಿ ಸೀಳಿದ ಬಾಲ, ಮೈಮೇಲೂ ರೆಕ್ಕೆಗಳ ಮೇಲೂ ತಿಳಿ ಬಣ್ಣದ ಚುಕ್ಕೆ. ಒರೆಗಾನ್‌ನ ದಾಖಲೆಯ ಲೇಕ್ ಟ್ರೌಟ್ ಇದೇ ಸರೋವರದಲ್ಲಿ 1984ರಲ್ಲಿ ಸಿಕ್ಕಿದ್ದು, 18 ಕಿಲೋಗಿಂತ ಜಾಸ್ತಿ ತೂಕ. ನಮ್ಮದು ಅದರ ಮುಂದೆ ಮರಿ. ಇಟ್ಟುಕೊಂಡೆವು.

ನಾನು ಹೇಳಬೇಕೆಂದಿದ್ದ ಮೀನು ಬಂದದ್ದು ಪಶ್ಚಿಮದ ತುದಿಯಲ್ಲಿ, ಗಾಳಿ ಏಳುವುದಕ್ಕೆ ಸ್ವಲ್ಪ ಮುಂಚೆ. ಭಾವನ ರಾಡ್ ಬಾಗಿತು. ಮೇಲೆ ಕುಣಿಯಲಿಲ್ಲ, ಕೆಳಗೇ ತಲೆ ಒದರುತ್ತಾ ಇತ್ತು. ಇನ್ನೊಂದು ಲೇಕ್ ಟ್ರೌಟ್ ಅಂತಲೇ ಅಂದುಕೊಂಡಿದ್ದೆವು. ಬೋಟಿನ ಪಕ್ಕಕ್ಕೆ ಬಂದು ಮಗ್ಗುಲಾದಾಗ ಬಾಲ ಅಷ್ಟು ಸೀಳಿರಲಿಲ್ಲ, ಮೈಮೇಲೆ ತಿಳಿ ಹಳದಿ, ಗುಲಾಬಿ ಚುಕ್ಕೆಗಳು, ಹೊಟ್ಟೆಯ ಕಡೆಯ ರೆಕ್ಕೆಗಳಿಗೆ ಬಿಳಿ ಅಂಚು. ಬೆನ್ನಿನ ರೆಕ್ಕೆ ನೋಡಿದೆ. ಒಂದೂ ಚುಕ್ಕೆ ಇಲ್ಲ.

"ಭಾವ, ಮೇಲೆ ಎತ್ತಬೇಡಿ, ಬುಲ್ ಟ್ರೌಟ್!"

ಈ ಕಡೆ ಮೀನು ಹಿಡಿಯುವವರಿಗೆ ಮೊದಲು ಕಲಿಸುವ ಪಾಠವೇ ಅದು. ಬೆನ್ನಿನ ರೆಕ್ಕೆಯಲ್ಲಿ ಕಪ್ಪು ಇಲ್ಲವಾ, ವಾಪಸ್ ಬಿಡು. ಲೇಕ್ ಟ್ರೌಟ್‌ಗೂ ಕಪ್ಪು ಚುಕ್ಕೆ ಇರುವುದಿಲ್ಲ, ಹಾಗಾಗಿ ಬಾಲವನ್ನೂ ನೋಡಬೇಕು. ಎರಡೂ ಚಾರ್ ಅನ್ನುವ ಒಂದೇ ಗುಂಪಿನ ಮೀನುಗಳು, ಅವಸರದಲ್ಲಿ ನೋಡಿದರೆ ಒಂದೇ ಥರ ಕಾಣುತ್ತವೆ. ಅನುಮಾನ ಇದ್ದರೆ ಬಿಡುವುದೇ ಸರಿ. ನಾನು ರಬ್ಬರ್ ನೆಟ್ಟನ್ನು ನೀರಿನೊಳಗೇ ಹಿಡಿದೆ, ಭಾವ ಉದ್ದ ಮೂತಿಯ ಇಕ್ಕಳದಿಂದ ಕೊಕ್ಕೆ ಬಿಡಿಸಿದರು. ಕೊಕ್ಕೆಯ ಮುಳ್ಳನ್ನು ಮೊದಲೇ ಒತ್ತಿ ಚಪ್ಪಟೆ ಮಾಡಿದ್ದರಿಂದ ಸಲೀಸಾಗಿ ಬಂತು. ಫೋಟೋ ಬೇಡ ಅಂತ ಇಬ್ಬರೂ ಅಂದೆವು. ಕಿವಿರು ಆಡಿಸುತ್ತಾ ಸ್ವಲ್ಪ ಹೊತ್ತು ಇತ್ತು, ಆಮೇಲೆ ಕೆಳಕ್ಕೆ ಹೋಯಿತು.

ಅದು ಯಾವ ಮೀನು ಅಂತ ಗೊತ್ತಿದ್ದರೆ ನಿಮಗೂ ಕೈ ನಡುಗುತ್ತದೆ. ಸುಮಾರು 5,500 ವರ್ಷಗಳ ಹಿಂದೆ ಲಾವಾ ಹರಿದು ಓಡೆಲ್ ತೊರೆಗೆ ಅಡ್ಡ ಬಿತ್ತು. ಕೆಳಗೆ ಡೇವಿಸ್ ಸರೋವರ ಹುಟ್ಟಿತು, ಡೆಶೂಟ್ಸ್ ನದಿಯ ಮೀನುಗಳ ಸಂಬಂಧ ಕಡಿದುಹೋಯಿತು. ಅವತ್ತಿನಿಂದ ಈ ಬುಲ್ ಟ್ರೌಟ್‌ಗಳು ಇಲ್ಲಿ ಒಂಟಿ. ಒರೆಗಾನ್‌ನ ನೈಸರ್ಗಿಕ ಸರೋವರಗಳಲ್ಲಿ ಉಳಿದಿರುವ ಕೊನೆಯ ಗುಂಪು ಇದು. ಮೊಟ್ಟೆ ಇಡಲು ಮುಖ್ಯವಾಗಿ ಟ್ರ್ಯಾಪರ್ ಕ್ರೀಕ್ ಅನ್ನುವ ಒಂದು ಸಣ್ಣ ತೊರೆಗೆ ಹತ್ತುತ್ತವೆ. 1998ರಲ್ಲಿ ಕೊಲಂಬಿಯಾ ನದಿ ಪ್ರದೇಶದ ಬುಲ್ ಟ್ರೌಟ್‌ಗಳನ್ನು ಅಪಾಯದಲ್ಲಿರುವ ಜೀವಿಗಳ ಪಟ್ಟಿಗೆ ಸೇರಿಸಿದರು, ಇವೂ ಅದರಲ್ಲಿ ಬಂದವು. ಲೇಕ್ ಟ್ರೌಟ್ ಮನುಷ್ಯರು ತಂದು ಬಿಟ್ಟ ಮೀನು. ಇವಕ್ಕೆ ಊಟದಲ್ಲೂ ಜಾಗದಲ್ಲೂ ಪೈಪೋಟಿ ಕೊಡುತ್ತದೆ. ಅಷ್ಟೇ ಅಲ್ಲ, ನಾವು ಅಷ್ಟು ದೂರದಿಂದ ಹುಡುಕಿಕೊಂಡು ಹೋದ ಕೊಕನಿ ಕೂಡ ಹೊರಗಿನಿಂದ ತಂದು ಬಿಟ್ಟಿದ್ದೇ! ನಮ್ಮ ಗಾಳಕ್ಕೆ ಅಕಸ್ಮಾತ್ ಬಂತು ಅಂತ ನಾವು ಯಾವುದನ್ನು ಅಂದೆವೋ, ಆ ಸರೋವರದ ಮನೆಮಂದಿ ಅದೇ.

ಗಾಳ ಮೇಲೆಳೆದು ವಾಪಸ್ ಹೊರಟಾಗ ಭಾವ ಬಿಳಿಮೀನಿನ ಮಾತು ತೆಗೆದರು. ಕಾವೇರಿಯದೇ ಆದ, ಬೆನ್ನು ಉಬ್ಬಿದ, ಕಿತ್ತಳೆ ರೆಕ್ಕೆಯ ದೊಡ್ಡ ಮಹಶೀರ್. ಅದೇ ನದಿಗೆ 1970ರ ದಶಕದಿಂದ ಲೋಣಾವಳದ ಮರಿಕೇಂದ್ರದ ನೀಲಿ ರೆಕ್ಕೆಯ ಮಹಶೀರ್ ತಂದು ಬಿಟ್ಟರು. ಹೊಸದು ಹಬ್ಬಿತು, ಹಳೆಯದು ಕರಗುತ್ತಾ ಬಂತು. 2018ರಲ್ಲಿ ಅದು ಅಳಿವಿನ ಅಂಚಿನ ಪಟ್ಟಿಗೆ ಸೇರಿತು. "ಅಲ್ಲೂ ಯಾರೂ ಕೆಟ್ಟದ್ದು ಮಾಡೋಕೆ ಅಂತ ಬಿಡಲಿಲ್ಲ ಕಣೋ, ಮೀನು ಜಾಸ್ತಿಯಾಗಲಿ ಅಂತಲೇ ಬಿಟ್ಟಿದ್ದು" ಅಂದರು. ನಿಜ, ಅಲ್ವಾ.

ಓಡೆಲ್‌ಗೆ ಕೊಕನಿ ಹಿಡಿಯಲು ಹೋಗುವವರು ಖಂಡಿತ ಹೋಗಿ. ಎಣ್ಣೆ ಜಿನುಗುವ ಆ ಕೆಂಪು ಮಾಂಸಕ್ಕೆ ಸುಮ್ನೆ ಉಪ್ಪು, ಖಾರ, ನಿಂಬೆಹಣ್ಣು ಸಾಕು. ಆದರೆ ರಬ್ಬರ್ ನೆಟ್ ತೆಗೆದುಕೊಂಡು ಹೋಗಿ, ದಾರದ್ದು ಬೇಡ, ಅದು ಮೈಯ ಲೋಳೆ ಕೆರೆದುಬಿಡುತ್ತದೆ. ಇಕ್ಕಳ ಕೈಗೆಟಕುವಂತಿರಲಿ. ಕೊಕನಿಯ ಹಾಗೆ ಕುಣಿಯದೆ ಕೆಳಗೇ ತಲೆ ಒದರುವ ಮೀನು ಸಿಕ್ಕರೆ ಅದು ನೀರಿನಲ್ಲಿರುವಾಗಲೇ ಬೆನ್ನಿನ ರೆಕ್ಕೆ ನೋಡಿ.