ಜೆರುಸಲೇಮಿನ ಗರಿಚಪ್ಪರಗಳಲ್ಲಿ ಒಂದು ವಾರ

2022ರ ಅಕ್ಟೋಬರ್ 11ರ ಮಧ್ಯಾಹ್ನ ಬೆನ್ ಗುರಿಯನ್ ವಿಮಾನ ನಿಲ್ದಾಣದಲ್ಲಿ ಹತ್ತಿದ ರೈಲು ಅರ್ಧ ಗಂಟೆಯೊಳಗೆ ಜೆರುಸಲೇಮನ್ನು ಮುಟ್ಟಿತು. ಅಲ್ಲಿನ ರೈಲು ನಿಲ್ದಾಣ ನೆಲದಿಂದ ಸುಮಾರು 80 ಮೀಟರ್ ಆಳದಲ್ಲಿದೆ. ಉದ್ದುದ್ದನೆಯ ಎಸ್ಕಲೇಟರುಗಳನ್ನು ಒಂದರ ನಂತರ ಒಂದು ಏರಿ ಬೆಳಕಿಗೆ ಬಂದು ಊರೊಳಗೆ ನಡೆದಾಗ ನನ್ನ ಕಣ್ಣಿಗೆ ಬಿದ್ದದ್ದು ಚಪ್ಪರಗಳು: ಅಂಗಳದಲ್ಲಿ, ತಾರಸಿಯಲ್ಲಿ, ಹೋಟೆಲುಗಳ ಮುಂದೆ, ಬಾಲ್ಕನಿಗಳಲ್ಲಿ, ಎಲ್ಲೆಲ್ಲೂ ಖರ್ಜೂರದ ಗರಿ ಹೊದಿಸಿದ ಚಪ್ಪರಗಳು. ಧರ್ಮನಿಷ್ಠರ ಬಡಾವಣೆಗಳಲ್ಲಿ ಒಂದು ಮಹಡಿಯ ಬಾಲ್ಕನಿ ಮತ್ತೊಂದರ ನೇರ ಕೆಳಗೆ ಬಾರದಂತೆ ಮನೆಗಳನ್ನು ಕಟ್ಟಿರುತ್ತಾರೆ, ಏಕೆಂದರೆ ಚಪ್ಪರದ ಮೇಲೆ ಆಕಾಶವಲ್ಲದೆ ಬೇರೇನೂ ಇರಕೂಡದು.

ಇಂಥ ಚಪ್ಪರಗಳಲ್ಲಿ ಉಂಡು ತಂಗುವ, ಯಹೂದಿಗಳ ಏಳು ದಿನಗಳ ಸುಕ್ಕೋತ್ ಹಬ್ಬ ಆಗಲೇ ಆರಂಭವಾಗಿತ್ತು. ಉಪವಾಸ ಮತ್ತು ಪಶ್ಚಾತ್ತಾಪದ ಯೋಮ್ ಕಿಪ್ಪುರ್ ತಿಶ್ರಿ ಮಾಸದ ಹತ್ತನೆಯ ದಿನ ಬಂದರೆ, ಸುಕ್ಕೋತ್ ಅದೇ ಮಾಸದ ಹದಿನೈದರಂದು ಬರುತ್ತದೆ. ಪ್ರಾರ್ಥನೆಗಳಲ್ಲಿ ಅದರ ಹೆಸರೇ 'ನಮ್ಮ ಹರ್ಷದ ಕಾಲ'. ಹಬ್ಬದಲ್ಲಿ ಸಂತೋಷಪಡು ಎಂಬುದು ಅಲ್ಲಿ ಶುಭಾಶಯವಲ್ಲ, ವಿಧಿ; ಮಗ, ಮಗಳು, ಆಳುಕಾಳು, ಪರದೇಶಿ, ಅನಾಥ, ವಿಧವೆ ಎಲ್ಲರನ್ನೂ ಸೇರಿಸಿಕೊಂಡು ಸಂತೋಷಪಡಬೇಕೆಂದು ಬೈಬಲಿನ ಧರ್ಮೋಪದೇಶಕಾಂಡದ ಹದಿನಾರನೆಯ ಅಧ್ಯಾಯ ಆಜ್ಞಾಪಿಸುತ್ತದೆ. ಬಾಗಿಲು ಹಾಕಿಕೊಂಡು ತನ್ನವರೊಡನೆ ಮಾತ್ರ ಉಂಡವನದು ಹೊಟ್ಟೆಯ ಸಂತೋಷವೇ ಹೊರತು ಹಬ್ಬದ ಸಂತೋಷವಲ್ಲವೆಂದು 12ನೆಯ ಶತಮಾನದ ವಿದ್ವಾಂಸ ಮೈಮೊನಿಡೀಸ್ ಕಟುವಾಗಿಯೇ ಬರೆದಿದ್ದಾನೆ. ಆ ಪಟ್ಟಿಯಲ್ಲಿ ಪರದೇಶಿಯೂ ಇರುವುದರಿಂದಲೇ ನನಗೆ ನಹ್ಲಾವೋತ್ ಬಡಾವಣೆಯ ಒಂದು ಮನೆಯ ಚಪ್ಪರದಲ್ಲಿ ಜಾಗ ದೊರೆಯಿತೆಂದು ನಂಬಿದ್ದೇನೆ.

ಆ ಮನೆಯವರು ವಯಸ್ಸಾದ ದಂಪತಿ. ಚಪ್ಪರ ಅವರ ಕಲ್ಲುಹಾಸಿನ ಅಂಗಳದಲ್ಲಿತ್ತು. ಬಟ್ಟೆಯ ಗೋಡೆ, ತೂಗುಬಿಟ್ಟ ದಾಳಿಂಬೆ, ಮೊಮ್ಮಕ್ಕಳು ಕತ್ತರಿಸಿ ಅಂಟಿಸಿದ ಬಣ್ಣದ ಕಾಗದದ ಸರಪಳಿ. ಒಳಗೆ ಬಿಸಿಲಿಗಿಂತ ನೆರಳು ಹೆಚ್ಚಿರಬೇಕು, ಆದರೂ ರಾತ್ರಿ ಗರಿಗಳ ಸಂದಿನಿಂದ ನಕ್ಷತ್ರ ಕಂಡರೆ ಒಳ್ಳೆಯದು ಎಂದು ಆ ಮನೆಯಾಕೆ ವಿವರಿಸಿದರು. ಊಟಕ್ಕೆ ಮುನ್ನ ಅಬ್ರಹಾಮನಿಂದ ದಾವೀದನವರೆಗಿನ ಏಳು ಮಂದಿ ಪೂರ್ವಿಕರನ್ನು ಅತಿಥಿಗಳಾಗಿ ಕರೆದರು, ಆಮೇಲೆ ನನ್ನ ತಟ್ಟೆಗೆ ಬಡಿಸಿದರು. ಬೆಳಿಗ್ಗೆ ಯಜಮಾನರು ಖರ್ಜೂರದ ಬಿಚ್ಚದ ಸುಳಿಗರಿ, ಮಿರ್ಟಲ್ ಮತ್ತು ವಿಲೋ ಗಿಡಗಳ ರೆಂಬೆಗಳನ್ನು ಒಟ್ಟುಗೂಡಿಸಿ, ಜೊತೆಗೊಂದು ಹಣ್ಣನ್ನು ಹಿಡಿದು, ನಾಲ್ಕು ದಿಕ್ಕಿಗೂ ಮೇಲಕ್ಕೂ ಕೆಳಕ್ಕೂ ಅಲುಗಿಸುವುದನ್ನು ಕಂಡೆ. ಎತ್ರೋಗ್ ಎಂದು ಅವರು ಕರೆಯುವ ಆ ಹಣ್ಣನ್ನು ಮೂಸಿದಾಕ್ಷಣ ನನಗೆ ಗುರುತು ಸಿಕ್ಕಿತು. ಅದು ನಮ್ಮ ಮಾದಲದ ಹಣ್ಣು.

ಇಷ್ಟೊಂದು ಇತಿಹಾಸದ ಭಾರ ಹೊತ್ತ ಜನ ಹರ್ಷವನ್ನು ಹೇಗೆ ಆಜ್ಞೆಯಾಗಿ ಪಾಲಿಸುತ್ತಾರೆಂದು ಆ ರಾತ್ರಿ ಕೇಳಿದಾಗ, ಯಜಮಾನರು ಬೈಬಲಿನ ನೆಹೆಮಿಯನ ಗ್ರಂಥದ ಎಂಟನೆಯ ಅಧ್ಯಾಯವನ್ನು ತೆರೆದರು. ಕ್ರಿ.ಪೂ. 5ನೆಯ ಶತಮಾನದಲ್ಲಿ, ಬ್ಯಾಬಿಲೋನಿನ ಸೆರೆಯ ನಂತರ, ಪುರೋಹಿತ ಎಜ್ರನು ಜೆರುಸಲೇಮಿನ ನೀರಿನ ಬಾಗಿಲ ಮುಂದಣ ಬಯಲಿನಲ್ಲಿ ಯಹೂದಿಗಳ ಧರ್ಮಗ್ರಂಥವಾದ ತೋರಾವನ್ನು ಓದಿದಾಗ ಕೇಳುತ್ತಿದ್ದ ಜನರೆಲ್ಲ ಅತ್ತುಬಿಟ್ಟರು. ಅಳಬೇಡಿ, ಹೋಗಿ ಒಳ್ಳೆಯದನ್ನು ಉಣ್ಣಿರಿ, ಏನೂ ಇಲ್ಲದವರಿಗೆ ಪಾಲು ಕಳುಹಿಸಿರಿ, ದೇವರಲ್ಲಿನ ಹರ್ಷವೇ ನಿಮ್ಮ 'ಮಾಓಜ್' ಎಂದು ಅವರಿಗೆ ಹೇಳಲಾಯಿತು. ಮರುದಿನ ಸುಕ್ಕೋತಿನ ವಿಧಿಯನ್ನು ಓದಿ ತಿಳಿದು, ಅವರು ಬೆಟ್ಟದಿಂದ ಸೊಪ್ಪು ತಂದು ಅದೇ ಬಯಲಿನಲ್ಲೂ ಮಾಳಿಗೆಗಳ ಮೇಲೂ ಚಪ್ಪರ ಹಾಕಿದರು. ಮಾಓಜ್ ಎಂದರೆ ಬಲವೆಂದೂ ಆಗುತ್ತದೆ, ಕೋಟೆಯೆಂದೂ ಆಗುತ್ತದೆ. ಗಾಳಿ ಬೀಸಿದರೆ ನಡುಗುವ ಬಟ್ಟೆಗೋಡೆಯ ನಡುವೆ ಕುಳಿತು ಕೋಟೆಯೆಂಬ ಆ ಪದವನ್ನು ಕೇಳಿದಾಗ ನನ್ನ ಪ್ರಶ್ನೆಯೇ ತಲೆಕೆಳಗಾಗಿದೆಯೆನ್ನಿಸಿತು: ಕಷ್ಟ ತೀರಿದ ಮೇಲೆ ಸಿಗುವ ಸಂಭಾವನೆಯಾಗಿ ಇವರು ಹರ್ಷವನ್ನು ಎಣಿಸಿಲ್ಲ, ಕಷ್ಟವನ್ನು ದಾಟಲು ಮೊದಲು ಕೂಡಿಡಬೇಕಾದ ಬುತ್ತಿಯೆಂದು ಎಣಿಸಿದ್ದಾರೆ.

ಮರುದಿನ ಹಳೆಯ ನಗರದ ಗೋಡೆಯಿಂದ ತೆಂಕಣಕ್ಕೆ ಇಳಿದು, ಸಿಲ್ವಾನ್ ಎಂಬ ಪ್ಯಾಲೆಸ್ತೀನಿ ವಸತಿಯ ಅಂಚಿನಲ್ಲಿರುವ ಶಿಲೋಅಹ್ ಕೊಳದವರೆಗೆ ನಡೆದೆ. ಜೆರುಸಲೇಮಿನಲ್ಲಿದ್ದ ಯಹೂದಿಗಳ ಎರಡನೆಯ ದೇವಾಲಯವು ಕ್ರಿ.ಶ. 70ರಲ್ಲಿ ನಾಶವಾಗುವ ತನಕ ಸುಕ್ಕೋತಿನಲ್ಲಿ ಇಲ್ಲಿಂದಲೇ ಚಿನ್ನದ ಪಾತ್ರೆಯಲ್ಲಿ ನೀರನ್ನೊಯ್ದು ಬಲಿಪೀಠಕ್ಕೆರೆಯುತ್ತಿದ್ದರು, ಮತ್ತು ಅದರ ಸಂಭ್ರಮ ಇರುಳೆಲ್ಲ ನಡೆಯುತ್ತಿತ್ತು. ಪುರೋಹಿತರ ಹಳೆಯ ಉಡುಪುಗಳನ್ನು ಹರಿದು ಹೊಸೆದ ಬತ್ತಿಗಳು ಎತ್ತರದ ದೀಪಸ್ತಂಭಗಳಲ್ಲಿ ಉರಿಯುತ್ತಿದ್ದವು. ಆ ಬೆಳಕು ತಲುಪದ ಅಂಗಳ ಜೆರುಸಲೇಮಿನಲ್ಲೇ ಇರಲಿಲ್ಲವೆಂದು ಯಹೂದಿ ವಿಧಿಗಳ ಪುರಾತನ ಸಂಗ್ರಹವಾದ ಮಿಷ್ನಾ ಹೇಳುತ್ತದೆ. ದೇವಾಲಯದ ಸೇವೆಯ ಕುಲದವರಾದ ಲೇವಿಯರು ಹದಿನೈದು ಮೆಟ್ಟಿಲುಗಳ ಮೇಲೆ ನಿಂತು ವಾದ್ಯ ನುಡಿಸುತ್ತಿದ್ದರೆ, ವಿದ್ವಾಂಸರ ಮುಖ್ಯಸ್ಥನಾದ ರಬ್ಬಾನ್ ಶಿಮೋನ್ ಬೆನ್ ಗಮ್ಲಿಯೇಲ್ ಎಂಟು ಪಂಜುಗಳನ್ನು ಚಿಮ್ಮಿ ಚಿಮ್ಮಿ ಹಿಡಿಯುತ್ತಿದ್ದನಂತೆ. ಅಲ್ಲಿಂದ ಸೇದಿದ್ದು ನೀರನ್ನಷ್ಟೇ ಅಲ್ಲ, ಪವಿತ್ರ ಚೈತನ್ಯವನ್ನು. ಅದು ಹರ್ಷಗೊಂಡ ಹೃದಯದಲ್ಲಿ ಮಾತ್ರ ನೆಲೆಸುತ್ತದೆ ಎಂದು ಮಿಷ್ನಾಕ್ಕೆ ವ್ಯಾಖ್ಯಾನವಾದ ಜೆರುಸಲೇಮಿನ ತಾಲ್ಮುದ್ ವಿವರಿಸುತ್ತದೆ.

ಆ ಸಂಭ್ರಮದ ನೆನಪಿಗಾಗಿ ಈಗಲೂ ಹಬ್ಬದ ರಾತ್ರಿಗಳಲ್ಲಿ ಕುಣಿಯುತ್ತಾರೆ. ಧರ್ಮನಿಷ್ಠರ ಬಡಾವಣೆಯಾದ ಮೆಆ ಶೆಆರೀಮಿನ ಒಂದು ಸಭಾಂಗಣದಲ್ಲಿ ನೂರಾರು ಗಂಡಸರು ಒಬ್ಬರ ಭುಜದ ಮೇಲೊಬ್ಬರು ಕೈಯಿಟ್ಟು ಸುತ್ತು ಹಾಕುತ್ತಿದ್ದುದನ್ನು ನಾನು ಹೆಂಗಸರ ಗ್ಯಾಲರಿಯ ಜಾಲರಿಯ ಹಿಂದೆ ನಿಂತು ನೋಡಿದೆ. ಎಲ್ಲರನ್ನೂ ಸೇರಿಸಿಕೊಳ್ಳಬೇಕೆಂಬ ಆಜ್ಞೆಯಲ್ಲಿ ಮಗಳ ಹೆಸರೂ ಇದೆಯಲ್ಲ ಎಂಬ ಯೋಚನೆ ನನ್ನನ್ನು ಬಿಡಲಿಲ್ಲ. ಪಕ್ಕದಲ್ಲಿದ್ದ ತಾಯಂದಿರು ಮಾತ್ರ ನಿದ್ದೆಗಣ್ಣಿನ ಮಕ್ಕಳನ್ನು ಎತ್ತಿಕೊಂಡು ಹಾಡಿನ ಪ್ರತಿ ಸಾಲಿಗೂ ತೂಗುತ್ತಿದ್ದರು. ಸದಾ ಹರ್ಷದಲ್ಲಿರುವುದು ದೊಡ್ಡ ಕರ್ತವ್ಯವೆಂದು ಬೋಧಿಸಿದ ಬ್ರೆಸ್ಲೋವಿನ ರಬ್ಬಿ ನಹ್ಮಾನ್ (1772–1810) ಸ್ವತಃ ವಿಷಾದದಲ್ಲಿ ಬೆಂದವನು, ಕ್ಷಯದಿಂದ ತೀರಿಕೊಂಡವನು. ಅವನ ಅನುಯಾಯಿಗಳು ಮಾರುಕಟ್ಟೆಯ ಬೀದಿಗಳಲ್ಲಿ ಕುಣಿಯುವುದನ್ನು ನೋಡುವಾಗ ಇದು ನೆನಪಿರಬೇಕು.

16ರ ಸೂರ್ಯಾಸ್ತಕ್ಕೆ, ತೋರಾದ ವಾರ್ಷಿಕ ಓದು ಮುಗಿದು ಮತ್ತೆ ಆರಂಭವಾಗುವ ಹಬ್ಬವಾದ ಸಿಮ್ಹತ್ ತೋರಾ ಬಂತು. ಹಬ್ಬದ ದಿನ ಬರೆಯುವುದೂ ಚಿತ್ರ ತೆಗೆಯುವುದೂ ನಿಷಿದ್ಧವಾದ್ದರಿಂದ ಇದನ್ನು ನೆನಪಿನಿಂದ ಬರೆಯುತ್ತಿದ್ದೇನೆ. ನಹ್ಲಾವೋತಿನ ಚಿಕ್ಕ ಸಿನಗಾಗ್‌ನಲ್ಲಿ, ಅಂದರೆ ಯಹೂದಿ ಪ್ರಾರ್ಥನಾಮಂದಿರದಲ್ಲಿ, ತೋರಾದ ಸುರುಳಿಗಳನ್ನೆಲ್ಲ ಹೊರತೆಗೆದು ಏಳು ಸುತ್ತು ಬಂದರು. ಒಂದೊಂದು ಸುತ್ತೂ ಹಾಡು ಮುಗಿಯದೆ ಮುಗಿಯುವುದಿಲ್ಲ. ಮಗುವನ್ನೆತ್ತಿದಂತೆ ಭಾರದ ಸುರುಳಿಯನ್ನು ಎದೆಗವಚಿಕೊಂಡ ಯಜಮಾನರು, ಕೋಲಿಲ್ಲದೆ ನಡೆಯಲಾರದವರು, ಎರಡು ಸುತ್ತು ಪೂರ್ತಿ ಕುಣಿದರು. ಬೆಳಿಗ್ಗೆ ತೋರಾದ ಕೊನೆಯ ಸಾಲನ್ನು ಓದಿ, ನಡುವೆ ಬಿಡುವೇ ಇಲ್ಲದಂತೆ 'ಆದಿಯಲ್ಲಿ' ಎಂಬಲ್ಲಿಂದ ಮತ್ತೆ ಆರಂಭಿಸಿದರು. ಆಮೇಲೆ ಮಳೆಗಾಗಿ ಪ್ರಾರ್ಥನೆ ನಡೆಯಿತು. ಬಯಲುಸೀಮೆಯಲ್ಲಿ ಬೆಳೆದ ನನಗೆ ಆ ಪ್ರಾರ್ಥನೆಯನ್ನು ಯಾರೂ ಅರ್ಥ ಮಾಡಿಸಬೇಕಾಗಿರಲಿಲ್ಲ.

ಮರುವರ್ಷ ಇದೇ ಹಬ್ಬದ ಬೆಳಿಗ್ಗೆ, 2023ರ ಅಕ್ಟೋಬರ್ 7ರಂದು, ಹಮಾಸ್ ದಾಳಿ ನಡೆದು ಸುಮಾರು 1,200 ಜನ ಸತ್ತರು; ಅನಂತರದ ಯುದ್ಧ ಗಾಜಾದಲ್ಲಿ ಎಣಿಕೆಗೆ ಸಿಗದಷ್ಟು ಮನೆಗಳನ್ನು ಶೋಕಕ್ಕೆ ನೂಕಿತು. 2024ರಲ್ಲಿ ಕುಣಿಯಬೇಕೇ ಬೇಡವೇ ಎಂದು ತಮ್ಮ ಸಿನಗಾಗ್‌ನಲ್ಲಿ ವಾರಗಟ್ಟಲೆ ಚರ್ಚಿಸಿದರೆಂದು ಆ ಮನೆಯಾಕೆ ನನಗೆ ಬರೆದರು. ಮೊದಲ ಸುತ್ತನ್ನು ಹಾಡಿಲ್ಲದೆ ನಿಧಾನವಾಗಿ ನಡೆದರಂತೆ. ಎರಡನೆಯ ಸುತ್ತಿನಲ್ಲಿ ಯಾರೋ ಮೆಲ್ಲನೆ ಹಾಡು ಎತ್ತಿದರಂತೆ.

ನಾನು ಹೊರಟ ದಿನ ಚಪ್ಪರವನ್ನು ಬಿಚ್ಚುತ್ತಿದ್ದರು. ಯಜಮಾನರು ಕಾಗದದ ಸರಪಳಿಗಳನ್ನು ಮುಂದಿನ ವರ್ಷಕ್ಕೆಂದು ಮಡಿಸಿ ಡಬ್ಬಿಗೆ ಹಾಕಿದರು. ಆಕೆ ಮಾತ್ರ ಅಡುಗೆಮನೆಯ ಮೇಜಿನ ಮುಂದೆ ಕುಳಿತು, ಪ್ರತಿ ಶನಿವಾರದ ಸಂಜೆ ವಾರದ ವಿಶ್ರಾಂತಿದಿನವಾದ ಸಬ್ಬತ್ ಮುಗಿಯುವಾಗ ಮೂಸುವ ಪರಿಮಳಕ್ಕಾಗಿ, ಮಾದಲದ ಹಣ್ಣಿನ ಮೈತುಂಬ ಒಂದೊಂದೇ ಲವಂಗ ಚುಚ್ಚುತ್ತಿದ್ದರು. ಚುಚ್ಚಲು ನನಗೂ ಒಂದು ಹಿಡಿ ಲವಂಗ ಕೊಟ್ಟರು.