ಪೆನ್ನಿಯೂ ಹಿಡಿ ರಾಗಿಯೂ

ಮೇ ತಿಂಗಳ ಮೊದಲ ಸೋಮವಾರ ಮತ್ತು ಮಂಗಳವಾರ ನಾನು ನಾಯಕಿಯಾಗಿದ್ದೆ. ಕೊರಳಲ್ಲಿ ನೀಲಿ ಪಟ್ಟಿ, ಅದರ ತುದಿಯ ಬ್ಯಾಡ್ಜಿನಲ್ಲಿ ನನ್ನ ಹೆಸರು, ಅದರ ಕೆಳಗೆ ನಮ್ಮ ಸಭೆಯ ಹೆಸರು. ಬುಧವಾರ ಬೆಳಿಗ್ಗೆ ಕಸದ ಹಸಿರು ಡಬ್ಬಿಯನ್ನು ರಸ್ತೆಯ ಅಂಚಿಗೆ ಎಳೆದುಕೊಂಡು ಹೋಗುವಾಗಲೂ ಅದು ಕೊರಳಲ್ಲೇ ಇತ್ತು. ತೆಗೆಯಲು ಮರೆತಿದ್ದೆ ಎಂದರೆ ಅರ್ಧ ಸುಳ್ಳಾಗುತ್ತದೆ.

ಪಕ್ಕದ ಮನೆಯವರು ಬೇಲಿಯಾಚೆಯಿಂದ ಅದನ್ನು ನೋಡಿದರು. ಅವರಿಗೆ ಎಂಬತ್ತನಾಲ್ಕು ವರ್ಷ. ಹೆಸರು ಹಿಡಿದೇ ಕರೆಯಬೇಕೆಂದು ಅವರ ಅಪ್ಪಣೆ. ಪ್ರತಿ ಸಲ ಕರೆಯುವಾಗಲೂ ತುಮಕೂರಿನಲ್ಲಿರುವ ನನ್ನ ಅಮ್ಮ ಎಲ್ಲಿಂದಲೋ ಕಣ್ಣು ಬಿಟ್ಟು ನೋಡಿದಂತಾಗುತ್ತದೆ. ಆರು ವರ್ಷದಿಂದ ಅವರು ನಮಗೆ ತಪ್ಪದೆ ದೀಪಾವಳಿಗೆ ಶುಭಾಶಯದ ಕಾರ್ಡನ್ನೂ ಚಾಕೊಲೇಟಿನ ಪೆಟ್ಟಿಗೆಯನ್ನೂ ಕೊಡುತ್ತಿದ್ದಾರೆ. ಮೊದಲ ವರ್ಷವೇ ಹೇಳಬೇಕಿತ್ತು, ಹೇಳಲಿಲ್ಲ. ಎರಡನೆಯ ವರ್ಷದ ಹೊತ್ತಿಗೆ ಮಗಳಿಗೆ ಆ ಚಾಕೊಲೇಟಿನ ರುಚಿ ಹತ್ತಿತ್ತು.

"ಇದೇನು?" ಎಂದು ಕೇಳಿದರು. ಕ್ರೈಸ್ತ ನಾಯಕತ್ವದ ಸಮಾವೇಶಕ್ಕೆ ಹೋಗಿದ್ದೆ ಎಂದೆ. ಒಂದು ಕ್ಷಣ ಸುಮ್ಮನಿದ್ದರು. ಆರು ಚಾಕೊಲೇಟ್ ಪೆಟ್ಟಿಗೆಗಳು ಅವರ ಕಣ್ಣ ಮುಂದೆ ಹಾದುಹೋಗಿರಬೇಕು. ಬ್ರಿಟನ್ನಿಗೆ ಬಂದ ಮೇಲೆ ಕ್ರೈಸ್ತರಾದಿರಾ ಎಂದು ಕೇಳಿದರು. ಇಲ್ಲ, ನಮ್ಮದು ನಾಲ್ಕನೆಯ ತಲೆಮಾರು, ಹಳೆಯ ಮೈಸೂರಿನ ವೆಸ್ಲಿಯನ್ ಮಿಷನ್ನಿನವರು ಎಂದೆ.

"ಮೈಸೂರು!" ಎಂದರು, ಮುಖವೆಲ್ಲ ಅರಳಿಸಿಕೊಂಡು. "ನಾನು ಚಿಕ್ಕ ಹುಡುಗಿಯಾಗಿದ್ದಾಗ ನಿಮಗಾಗಿ ಪೆನ್ನಿ ಕೂಡಿಸುತ್ತಿದ್ದೆ."

ಇದಿಷ್ಟೇ ನಡೆದದ್ದು. ಅವರು ಪ್ರೀತಿಯಿಂದಲೇ ಹೇಳಿದರು. ನಾನೂ ನಕ್ಕು, ಡಬ್ಬಿಯನ್ನು ನಿಲ್ಲಿಸಿ, ಒಳಗೆ ಬಂದು ಬ್ಯಾಡ್ಜ್ ತೆಗೆದು ಮೇಜಿನ ಮೇಲಿಟ್ಟೆ. ಆ ರಾತ್ರಿ ಡ್ಯೂಟಿ ಇತ್ತು, ಹಗಲು ಮಲಗಲೇಬೇಕಿತ್ತು. ಮಲಗಿದರೆ ಕಿವಿಯಲ್ಲಿ ಉಳಿದದ್ದು ಪೆನ್ನಿಯಲ್ಲ, "ನಿಮಗಾಗಿ" ಎಂಬ ಮಾತು.

ಸಮಾವೇಶದ ಬಗ್ಗೆ ಹೇಳದಿದ್ದರೆ ಅದಕ್ಕೆ ಅನ್ಯಾಯವಾಗುತ್ತದೆ. ಲಂಡನ್ನಿನ ಹೋಲಿ ಟ್ರಿನಿಟಿ ಬ್ರಾಂಪ್ಟನ್ ಎಂಬ ಚರ್ಚಿನ ಸಭೆಯವರು ರಾಯಲ್ ಆಲ್ಬರ್ಟ್ ಹಾಲಿನಲ್ಲಿ ನಡೆಸುವ ಸಮಾವೇಶ ಅದು. ಲೋಕದ ಹತ್ತಾರು ದೇಶಗಳಿಗೆ ಹಬ್ಬಿರುವ ಆಲ್ಫಾ ಎಂಬ, ಕ್ರೈಸ್ತ ನಂಬಿಕೆಯ ಪರಿಚಯ ತರಗತಿ 1977ರಲ್ಲಿ ಶುರುವಾದದ್ದು ಅದೇ ಸಭೆಯಲ್ಲಿ. ಅಲ್ಲಿ ಮೊದಲು ಊಟ, ಆಮೇಲೆ ಮಾತು, ಪ್ರಶ್ನೆಗೆ ಯಾರೂ ಮುನಿಯುವುದಿಲ್ಲ. ನಮ್ಮವರಿಗೆ ಈ ಕ್ರಮ ಹಿಡಿಸುತ್ತದೆ, ಊಟದ ಮಟ್ಟಿಗಂತೂ. 1871ರಲ್ಲಿ ತೆರೆದ ಆ ದುಂಡು ಸಭಾಂಗಣದಲ್ಲಿ ಐದು ಸಾವಿರಕ್ಕೂ ಹೆಚ್ಚು ಜನ ಕೂರಬಹುದು. ಮೇಲೆ ಗುಮ್ಮಟದ ಕೆಳಗೆ ದೊಡ್ಡ ದೊಡ್ಡ ಅಣಬೆಗಳು ತೇಲುತ್ತಿರುವಂತೆ ಕಾಣುತ್ತವೆ. ದನಿ ಗುಮ್ಮಟಕ್ಕೆ ಬಡಿದು ಮಾರ್ದನಿಯಾಗದಿರಲೆಂದು 1969ರಲ್ಲಿ ತೂಗುಹಾಕಿದ್ದು. ಹಿಂದೆ ಗೋಡೆಯಷ್ಟೇ ಎತ್ತರದ ಆರ್ಗನ್, ಅದಕ್ಕೆ 9,999 ಕೊಳವೆಗಳು. "ಇನ್ನೊಂದು ಹಾಕಿಬಿಡಬಹುದಿತ್ತಲ್ಲ ಅಮ್ಮ" ಎಂದಳು ಹನ್ನೊಂದು ವರ್ಷದ ಮಗಳು, ಫೋಟೊ ನೋಡಿ.

ನಾನು ಅಲ್ಲಿಗೆ ಹೋದದ್ದು ಹೇಗೆ ಎಂದರೆ, ನಮ್ಮ ಸಭೆಯಲ್ಲಿ ಆರಾಧನೆ ಮುಗಿದ ಮೇಲೆ ಚಹಾ ಕೊಡುವ ತಂಡಕ್ಕೆ ನಾನು ಲೀಡರ್. ನನ್ನ ಕೈಕೆಳಗೆ ಇಬ್ಬರಿದ್ದಾರೆ. ಒಬ್ಬರಿಗೆ ಮಂಡಿ ನೋವು. ಇಲ್ಲಿ ಹೀಗೆಯೇ. ಮಕ್ಕಳ ತಂಡಕ್ಕೊಬ್ಬ ಲೀಡರ್, ಹಾಡಿನ ತಂಡಕ್ಕೊಬ್ಬ, ಕಾರು ನಿಲ್ಲಿಸುವಲ್ಲಿಗೊಬ್ಬ. ಎರಡು ದಿನದಲ್ಲಿ ಆ ಪದವನ್ನು ಎಷ್ಟು ಸಲ ಕೇಳಿದೆನೋ ಲೆಕ್ಕವಿಲ್ಲ. ನಾಯಕನೆಂದರೆ ಮೊದಲು ಸೇವಕ ಎಂದು ಒಬ್ಬರು ಬಲು ಚೆನ್ನಾಗಿ ಮಾತನಾಡಿದರು. ಅದಕ್ಕೆ ಇಂಗ್ಲಿಷಿನಲ್ಲಿ ಈಗ ಬಳಸುವ "ಸರ್ವೆಂಟ್ ಲೀಡರ್‌ಶಿಪ್" ಎಂಬ ಹೆಸರನ್ನು 1970ರಲ್ಲಿ ಚಲಾವಣೆಗೆ ತಂದದ್ದು ರಾಬರ್ಟ್ ಗ್ರೀನ್‌ಲೀಫ್, ಅಮೆರಿಕದ ಟೆಲಿಫೋನ್ ಕಂಪನಿಯಲ್ಲಿ ಕೆಲಸ ಮಾಡಿ ನಿವೃತ್ತರಾದವರು. ಸುವಾರ್ತೆಯಲ್ಲಿ ಅದೇ ಮಾತು ಇದ್ದೇ ಇತ್ತು, ಅದೂ ಯೇಸು ಶಿಷ್ಯರ ಕಾಲು ತೊಳೆದ ನೀರಿನ ಸಮೇತ. ಆದರೆ ಟೆಲಿಫೋನ್ ಕಂಪನಿಯವರು ಹೇಳಿದ ಮೇಲೆ ಅದು ಹೆಚ್ಚು ಜನರಿಗೆ ಕೇಳಿಸಿತು, ಅದೂ ನ್ಯಾಯವೇ.

ನನಗೆ ಹೊಟ್ಟೆಕಿಚ್ಚಾದದ್ದು ಬೇರೆ ವಿಷಯಕ್ಕೆ. ವೇದಿಕೆಯ ಮೇಲೆ ಸಾಲು ಕುರ್ಚಿಗಳಿರಲಿಲ್ಲ. ಮಾತನಾಡುವವರು ಬರುತ್ತಿದ್ದರು, ಮಾತನಾಡುತ್ತಿದ್ದರು, ಇಳಿದು ಹೋಗಿ ಎಲ್ಲರ ನಡುವೆ ಕೂರುತ್ತಿದ್ದರು. ಶಾಲಿಲ್ಲ, ಹಾರವಿಲ್ಲ, "ವೇದಿಕೆಯನ್ನು ಅಲಂಕರಿಸಿರುವ" ಎಂಬ ಮಾತಿಲ್ಲ. ಊರಿನ ಕಡೆಯ ಕೂಟಗಳನ್ನು ನೆನೆಸಿಕೊಂಡೆ. ಸ್ವಾಗತ ಭಾಷಣಕ್ಕೇ ಮುಕ್ಕಾಲು ಗಂಟೆ, ಹೆಸರು ಬಿಟ್ಟುಹೋದವರ ಮುನಿಸಿಗೆ ಆರು ತಿಂಗಳು. ನಿಜವಾಗಿ ಬೋಧಿಸಬೇಕಾದ ಅಯ್ಯನವರು ಎದ್ದು ನಿಲ್ಲುವ ಹೊತ್ತಿಗೆ ಹಿಂದಿನ ಸಾಲಿನವರು ಬಿರಿಯಾನಿಯ ಪಾತ್ರೆಯ ಕಡೆಗೆ ತಿರುಗಿ ಕೂತಿರುತ್ತಿದ್ದರು.

ಸೋಮವಾರ ರಾತ್ರಿ ಅಮ್ಮನಿಗೆ ಫೋನ್ ಮಾಡಿ, "ಲೀಡರ್‌ಗಳ ಸಮಾವೇಶಕ್ಕೆ ಬಂದಿದ್ದೇನೆ" ಎಂದೆ.

"ಯಾವ ಪಕ್ಷದ್ದು?" ಎಂದಳು ಅಮ್ಮ.

ನಗಬೇಡಿ. ಕನ್ನಡದಲ್ಲಿ ಆ ಪದಕ್ಕೆ ನೀವೇನು ಹೇಳುತ್ತೀರಿ? ನಾಯಕ ಎಂದರೆ ಒಂದು ಪಾಳೆಯಗಾರ, ಇಲ್ಲವೇ ಸಿನಿಮಾದವನು. ಮುಖಂಡ ಎಂದರೆ ಪತ್ರಿಕಾಗೋಷ್ಠಿ ನಡೆಸುವವನು. ಧುರೀಣ ಎಂದರೆ ಸತ್ತ ಮೇಲೆ ಸಿಗುವ ಬಿರುದು. ನಮ್ಮ ಸಭೆಯಲ್ಲಿ ಅಯ್ಯನವರಿದ್ದರು, ಅಮ್ಮನವರಿದ್ದರು, ಉಪದೇಶಿಗಳಿದ್ದರು, ಹಿರಿಯರಿದ್ದರು, ಗಂಟೆ ಹೊಡೆಯುವವನಿದ್ದ. ಲೀಡರ್ ಯಾರೂ ಇರಲಿಲ್ಲ. ಈಗ ಇದ್ದಾರೆ. ಹೋದ ಸಲ ಊರಿಗೆ ಹೋದಾಗ ಒಂದು ಸಭೆಯ ಕಾಂಪೌಂಡಿಗೆ ಕಟ್ಟಿದ್ದ ಫ್ಲೆಕ್ಸಿನಲ್ಲಿ ಹದಿನಾಲ್ಕು ಮುಖಂಡರ ಮುಖಗಳಿದ್ದವು. ಯೇಸುವಿಗೆ ಮೇಲುಗಡೆ ಮೂಲೆಯಲ್ಲಿ ಜಾಗ ಸಿಕ್ಕಿತ್ತು. ಸುಗ್ಗಿ ಹಬ್ಬದ ಹರಾಜಿನಲ್ಲಿ ಆ ಹದಿನಾಲ್ವರ ಎರಡು ಗುಂಪುಗಳು ಒಂದೇ ತೆಂಗಿನಕಾಯಿಗೆ ಪಟ್ಟುಹಿಡಿದು ಕೂಗಿ, ತಿಪಟೂರಿನ ಮಾರುಕಟ್ಟೆಯೇ ಬೆಚ್ಚಿಬೀಳುವ ಬೆಲೆಗೆ ಅದನ್ನು ಏರಿಸಿದವು. ಹಣ ದೇವರಿಗೇ ಹೋಯಿತು ಬಿಡಿ.

ಈಗ ನನ್ನ ಅಜ್ಜಿಯ ವಿಷಯ. ಅವಳು ಬೈಬಲ್ ವುಮನ್ ಆಗಿದ್ದಳು. ತುಮಕೂರಿಗೂ ಗುಬ್ಬಿಗೂ ನಡುವಿನ ಹಳ್ಳಿಗಳಲ್ಲಿ ಮನೆಮನೆಗೆ ನಡೆದುಹೋಗಿ ಹೆಂಗಸರಿಗೆ ಅಕ್ಷರ ಕಲಿಸುವುದು, ಹಾಡು ಹೇಳಿಕೊಡುವುದು, ಬಾಣಂತಿಯರನ್ನು ನೋಡಿ ಬರುವುದು, ಪ್ರಾರ್ಥನೆ ಮಾಡುವುದು. ಬಿಳಿಯ ಸೀರೆ, ಕಪ್ಪು ಕೊಡೆ, ಬಟ್ಟೆಯ ಚೀಲ. ಕೆಲವು ಮನೆಗಳಲ್ಲಿ ಜಗುಲಿಯವರೆಗೆ, ಕೆಲವು ಮನೆಗಳಲ್ಲಿ ಅಂಗಳದವರೆಗೆ, ಕೆಲವೆಡೆ ಬೀದಿಯಲ್ಲೇ. ಯಾವ ಬಾಗಿಲಲ್ಲಿ ಎಲ್ಲಿ ನಿಲ್ಲಬೇಕೆಂಬುದು ಅವಳ ಕಾಲಿಗೆ ಗೊತ್ತಿತ್ತು. ಅಕ್ಷರ ಮಾತ್ರ ಒಳಗೆ ಹೋಗಿ ಬರುತ್ತಿತ್ತು. ಅದಕ್ಕೆ ಮೈಲಿಗೆಯಿಲ್ಲ ಎಂದು ಅವಳೇ ಹೇಳುತ್ತಿದ್ದಳು. ಸಭೆಯ ಕಮಿಟಿಯಲ್ಲಿ ಅವಳು ಒಂದು ದಿನವೂ ಕೂತವಳಲ್ಲ. ಅದು ಗಂಡಸರ ಜಾಗ, ಕಾಫಿ ಕೊಟ್ಟು ಬರುವುದಕ್ಕೆ ಮಾತ್ರ ಒಳಗೆ ಹೋಗುತ್ತಿದ್ದಳು. ಹಾಗೆ ನೋಡಿದರೆ ನನ್ನದು ವಂಶಪಾರಂಪರ್ಯದ ಹುದ್ದೆ.

ಒಲೆಯ ಪಕ್ಕದಲ್ಲಿ ಅವಳದೊಂದು ಹಳೆಯ ತಗಡಿನ ಡಬ್ಬವಿತ್ತು. ಮುದ್ದೆಗೆ ಹಿಟ್ಟು ಅಳೆಯುವ ಮೊದಲು ಒಂದು ಹಿಡಿ ರಾಗಿ ಅದಕ್ಕೆ ಬೀಳಬೇಕು. ಮನೆಯಲ್ಲಿ ಹಿಟ್ಟು ಕಡಿಮೆಯಿದ್ದ ದಿನವೂ ಬೀಳುತ್ತಿತ್ತು. ಅಂದು ಮುದ್ದೆ ಸಣ್ಣದಾಗುತ್ತಿತ್ತು, ಹಿಡಿ ಸಣ್ಣದಾಗುತ್ತಿರಲಿಲ್ಲ. ಭಾನುವಾರ ಅದು ಸೆರಗಿನಡಿಯಲ್ಲಿ ಸಭೆಗೆ ಹೋಗುತ್ತಿತ್ತು. ಎಲ್ಲ ಹೆಂಗಸರ ಹಿಡಿಗಳೂ ಸೇರಿ ಮೂಟೆಯಾದಾಗ ಬರ ಬಿದ್ದ ಊರುಗಳಿಗೆ, ಹೆಚ್ಚಾಗಿ ಪಾವಗಡದ ಕಡೆಗೆ.

ಮುಂದಿನ ವಾರ ಪಕ್ಕದ ಮನೆಯವರು ನನ್ನನ್ನೂ ಮಗಳನ್ನೂ ಚಹಾಕ್ಕೆ ಕರೆದರು. ಮೇಜಿನ ಮೇಲೆ ಒಂದು ಪುಟ್ಟ ಪದಕ. ಇಲ್ಲಿನ ಮೆಥಡಿಸ್ಟ್, ಅಂದರೆ ನಮ್ಮ ವೆಸ್ಲಿಯನ್ ಪರಂಪರೆಯದೇ ಆದ ಸಭೆಗಳಲ್ಲಿ ಮಕ್ಕಳು ಹೊರದೇಶದ ಮಿಷನ್ನಿಗಾಗಿ ಮನೆಮನೆಗೆ ಹೋಗಿ ಹಣ ಕೂಡಿಸುವ ಸಂಘವಿತ್ತಂತೆ. ಇಂತಿಷ್ಟು ಕೂಡಿಸಿದರೆ ಪದಕ, ಮುಂದಿನ ವರ್ಷವೂ ಕೂಡಿಸಿದರೆ ಅದಕ್ಕೊಂದು ಪಟ್ಟಿ. ಇವರ ಪದಕಕ್ಕೆ ಐದು ಪಟ್ಟಿಗಳಿದ್ದವು. ಆಗ ಪೌಂಡಿಗೆ 240 ಪೆನ್ನಿ. 1971ರಲ್ಲಿ ನೂರು ಪೆನ್ನಿಯ ಲೆಕ್ಕ ಬಂದಾಗ ತಮಗೆ ಅದೇನೋ ಮೋಸ ಅನ್ನಿಸಿತು ಎಂದರು. ಮಗಳು ನನ್ನ ಪ್ಲಾಸ್ಟಿಕ್ ಬ್ಯಾಡ್ಜನ್ನು ನೆನಪಿಸಿಕೊಂಡಳೋ ಏನೋ, ಪದಕವನ್ನು ಕೈಯಲ್ಲಿ ತೂಗಿ ನೋಡಿ ನನ್ನ ಕಡೆ ತಿರುಗಿದಳು. "ಇದು ಭಾರ ಇದೆ" ಎಂದಳು, ಕನ್ನಡದಲ್ಲಿ.

ಅಷ್ಟರಲ್ಲಿ ನಾನೂ ಸ್ವಲ್ಪ ಓದಿಕೊಂಡಿದ್ದೆ. ಥಾಮಸ್ ಹಾಡ್ಸನ್ ಗುಬ್ಬಿಯಲ್ಲಿ ವೆಸ್ಲಿಯನ್ ಮಿಷನ್ ಶುರು ಮಾಡಿದ್ದು 1837ರಲ್ಲಿ. ಎರಡು ವರ್ಷದ ನಂತರ ಅಲ್ಲಿಗೆ ಬಂದ ವಿಲಿಯಂ ಆರ್ಥರ್ ಎಂಬ ಇಪ್ಪತ್ತರ ಐರಿಷ್ ತರುಣ, ಕಣ್ಣಿನ ಕಾಯಿಲೆಯಿಂದ 1841ರಲ್ಲೇ ಹಿಂದಿರುಗಬೇಕಾಯಿತು. ಮುಂದೆ ಲಂಡನ್ನಿನಲ್ಲಿ ಮಿಷನ್ನಿನ ಕಾರ್ಯದರ್ಶಿಯಾದ. ಗುಬ್ಬಿ ಎಂಬ ಹೆಸರು ಆ ಕಾಲದಲ್ಲೇ ಇಲ್ಲಿನ ಸಭೆಗಳಿಗೆ ತಲುಪಿತ್ತು ಎಂದೆ. ಅವರಿಗೆ ಗುಬ್ಬಿ ಗೊತ್ತಿರಲಿಲ್ಲ. ಮೈಸೂರೆಂದರೆ ಆನೆಯ ಚಿತ್ರವಿದ್ದ ಒಂದು ಹಾಳೆ, ಅಷ್ಟೇ.

"ನಿಮ್ಮ ಚರ್ಚ್ ಎಲ್ಲಿದೆ?" ಎಂದು ಮಗಳು ಕೇಳಿದಳು. ಮಾರಿದರು, ಈಗ ಅಲ್ಲಿ ಫ್ಲಾಟುಗಳಿವೆ ಎಂದರು. ಕೊನೆಗೆ ಉಳಿದದ್ದು ಏಳು ಜನವಂತೆ.

"ಆ ಏಳು ಜನರಲ್ಲಿ ಲೀಡರ್ ಯಾರು?"

"ಏಳೇ ಜನವಲ್ಲವೇ ಮಗು, ಲೀಡರ್ ಆಗುವುದಕ್ಕೆ ಯಾರಿಗೂ ಪುರುಸೊತ್ತಿರಲಿಲ್ಲ."

ನನ್ನ ಅಜ್ಜಿಯೂ ಕೂಡಿಸುತ್ತಿದ್ದಳು ಎಂದು ಆಗ ಹೇಳಿದೆ. ವಾರದಿಂದ ಗಂಟಲಲ್ಲಿದ್ದ ಮಾತು. ಹೇಳುವಾಗ ದನಿ ಸ್ವಲ್ಪ ಗಟ್ಟಿಯಾಯಿತು, ಲೆಕ್ಕ ಚುಕ್ತಾ ಮಾಡುವವರ ಹಾಗೆ. ಅವರಿಗೆ ಅದು ಕೇಳಿಸಲಿಲ್ಲ, ಅಥವಾ ಕೇಳಿಸಿಯೂ ಬಿಟ್ಟರು. ರಾಗಿ ಎಂದರೇನು, ಡಬ್ಬ ಎಷ್ಟು ದೊಡ್ಡದು, ದಿನವೂ ಹಾಕುತ್ತಿದ್ದರೇ, ಮಕ್ಕಳು ಕದಿಯುತ್ತಿರಲಿಲ್ಲವೇ ಎಂದೆಲ್ಲ ಕೇಳಿದರು. ತಾವು ಎರಡು ಸಲ ಕದ್ದಿದ್ದರಂತೆ, ಮಿಠಾಯಿಗೆ. ಆ ರಾಗಿ ಎಲ್ಲಿಗೆ ಹೋಗುತ್ತಿತ್ತು ಎಂದು ಕೇಳಿದರು. ಪಾವಗಡಕ್ಕೆ ಎಂದೆ. "ಪಾವಗಡ" ಎಂದು ಎರಡು ಸಲ ಹೇಳಿ ನೋಡಿಕೊಂಡರು. ನನ್ನ ಅಜ್ಜಿಯೂ ಪಾವಗಡವನ್ನು ನೋಡಿರಲಿಲ್ಲ.

ಹೊರಡುವಾಗ ಬಾಗಿಲಲ್ಲಿ ನಿಲ್ಲಿಸಿ ಕೇಳಿದರು: "ನನ್ನ ಪೆನ್ನಿಗಳು ನಿಜವಾಗಿಯೂ ಅಲ್ಲಿಗೆ ಬಂದವೇ? ಎಪ್ಪತ್ತು ವರ್ಷದಿಂದ ಕೇಳಲು ಯಾರೂ ಸಿಕ್ಕಿರಲಿಲ್ಲ."

ಅದಕ್ಕೆ ಉತ್ತರ ನನ್ನ ಬಳಿ ಇರಲಿಲ್ಲ. ರಾತ್ರಿ ಅಮ್ಮನಿಗೆ ಫೋನ್ ಮಾಡಿದೆ. ತುಮಕೂರಿನಲ್ಲಿ ಆಗಲೇ ನಡುರಾತ್ರಿ ದಾಟಿತ್ತು. ಅಮ್ಮ ಏನಾಯಿತೋ ಎಂದು ಗಾಬರಿಯಾದಳು. ಎಲ್ಲವನ್ನೂ ಹೇಳಿದೆ. ಅಜ್ಜಿಯ ಸಂಬಳದಲ್ಲಿ ಇವರ ಪೆನ್ನಿಯೂ ಇದ್ದಿರಬಹುದಲ್ಲವೇ ಎಂದೆ. ಅಮ್ಮ ಬಹಳ ಹೊತ್ತು ಮಾತನಾಡಲಿಲ್ಲ. ಅತ್ತಳೇನೋ ಎಂದುಕೊಂಡೆ.

"ಬಂತು ಎಂದು ಹೇಳು" ಎಂದಳು. "ಯಾವಾಗಲೂ ಎರಡು ತಿಂಗಳು ತಡವಾಗಿ ಬರುತ್ತಿತ್ತು. ಅಂಗಡಿಯ ಶೆಟ್ಟರ ಬಳಿ ಸಾಲ ನಿಂತುಬಿಡುತ್ತಿತ್ತು. ಅದನ್ನೂ ಹೇಳು."

ಮೊದಲನೆಯದನ್ನು ಹೇಳಿದ್ದೇನೆ. ನಾಳೆ ಮತ್ತೆ ಹಸಿರು ಡಬ್ಬಿಯ ದಿನ.